ಕಂಟ್ರೋಲ್ ಕೆಟ್ಟದ್ದೋ, ನಮ್ಮ ಸೆಟಪ್ ಕೆಟ್ಟದ್ದೋ? ಹೊಸ ಗೇಮ್ ಬಗ್ಗೆ ವಾದಕ್ಕೆ ಕೂರುವ ಮೊದಲು

ಹೊಸ ಗೇಮ್ ಬಂದ ವಾರ ಹುಬ್ಬಳ್ಳಿ ವಿದ್ಯಾನಗರದ ರೂಮುಗಳಲ್ಲಿ, ಧಾರವಾಡ ಸಪ್ತಾಪುರದ ಪಿಜಿಗಳಲ್ಲಿ ಒಂದೇ ಜಗಳ. "ಕಂಟ್ರೋಲ್ ಭಾಳ ಜಡ ಅದಾವಲೇ, ಒತ್ತಿದ್ದಕ್ಕೂ ಆಗೋದಕ್ಕೂ ಸಂಬಂಧನ ಇಲ್ಲ" ಅಂತ ಒಬ್ಬ. "ರಿವ್ಯೂದಾಗ ತೊಂಬತ್ತು ಕೊಟ್ಟಾರ, ನಿನಗ ಆಡಾಕ ಬರಂಗಿಲ್ಲ" ಅಂತ ಇನ್ನೊಬ್ಬ. ಬಹಳ ಸಲ ಇಬ್ಬರ ಮಾತೂ ನಿಜ, ಯಾಕೆಂದರೆ ಇಬ್ಬರೂ ಬೇರೆ ಬೇರೆ ಸಂಗತಿಯ ಬಗ್ಗೆ ಮಾತಾಡುತ್ತಿರುತ್ತಾರೆ. ಕಂಟ್ರೋಲ್ ಮೇಲಿನ ದೂರು ನಾಲ್ಕು ಕಡೆಯಿಂದ ಬರಬಹುದು: ಪರದೆಗೆ ತಲುಪುವ ವಿಳಂಬ, ಸ್ಟಿಕ್‌ನ ಡೆಡ್‌ಝೋನ್ (ಗೇಮ್ ಲೆಕ್ಕಕ್ಕೆ ತೆಗೆದುಕೊಳ್ಳದ ನಡುವಿನ ಜಾಗ), ಬಟನ್‌ಗಳ ಹಂಚಿಕೆ, ಮತ್ತು ಗೇಮ್ ಮಾಡಿದವರು ಬೇಕೆಂದೇ ಇಟ್ಟ ಅನಿಮೇಷನ್‌ನ ಭಾರ, ಅಂದರೆ ಪಾತ್ರದ ನಿಧಾನ ಚಲನೆ. ಮೊದಲ ಎರಡನ್ನು ನಿಮ್ಮ ರೂಮಿನಲ್ಲೇ ಸರಿಮಾಡಬಹುದು. ಮೂರನೆಯದು ಅರ್ಧ ನಿಮ್ಮ ಕೈಯಲ್ಲಿದೆ. ವಿಮರ್ಶಕರ ಜೊತೆ ನಿಜವಾದ ಜಗಳ ಆಡಬೇಕಾದದ್ದು ನಾಲ್ಕನೆಯದರ ಬಗ್ಗೆ. ಅಲ್ಲಿಗೆ ತಲುಪಬೇಕಾದರೆ ಮೊದಲಿನ ಮೂರನ್ನು ದಾರಿಯಿಂದ ತೆಗೆಯಬೇಕು.

ಅಂಕಿ ಎಲ್ಲಿಂದ ಬಂತು ನೋಡಿ

ಹಲವು ವಿಮರ್ಶೆಗಳ ಅಂಕಿ ಕೂಡಿಸಿ ತೋರಿಸುವ ತಾಣ ಮೆಟಾಕ್ರಿಟಿಕ್‌ನ ಅಂಕಿ ಸರಳ ಸರಾಸರಿ ಅಲ್ಲ. ಕೆಲವು ಪತ್ರಿಕೆಗಳಿಗೆ ಹೆಚ್ಚು ತೂಕ ಕೊಟ್ಟು ಲೆಕ್ಕ ಹಾಕುತ್ತಾರೆ, ಯಾರಿಗೆ ಎಷ್ಟು ಎಂಬುದನ್ನು ಹೊರಗೆ ಹೇಳುವುದಿಲ್ಲ. ಗೇಮ್‌ಗಳಲ್ಲಿ 75 ಮತ್ತು ಅದಕ್ಕಿಂತ ಮೇಲೆ ಹಸಿರು, 50ರಿಂದ 74 ಹಳದಿ. ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಶೇಕಡಾ ಬೇರೆಯದೇ ಅಳತೆ. ಗೇಮ್ ಎಷ್ಟು ಚೆನ್ನಾಗಿದೆ ಅಂತ ಅದು ಹೇಳುವುದಿಲ್ಲ, ಅಲ್ಲಿ ವಿಮರ್ಶೆ ಬರೆದವರಲ್ಲಿ ಎಷ್ಟು ಜನ ಶಿಫಾರಸು ಮಾಡಿದರು ಅಂತ ಹೇಳುತ್ತದೆ. ಎಲ್ಲರಿಗೂ ಸುಮಾರಾಗಿ ಹಿಡಿಸಿದ ಗೇಮ್ ಅಲ್ಲಿ 90 ದಾಟಬಹುದು. ಹಾಗಾಗಿ ಮೆಟಾಕ್ರಿಟಿಕ್‌ನ 82 ಮತ್ತು ಸ್ಟೀಮ್‌ನ 82 ಎರಡನ್ನೂ ಪಕ್ಕಪಕ್ಕ ಇಟ್ಟು ವಾದ ಮಾಡಿದರೆ ಆ ವಾದಕ್ಕೆ ಬುಡವೇ ಇಲ್ಲ.

ಅಂಕಿಗಿಂತ ಮುಖ್ಯ, ವಿಮರ್ಶಕರು ಯಾವ ಮಷಿನ್‌ನಲ್ಲಿ ಆಡಿದರು ಅನ್ನುವುದು. 2020ರ ಡಿಸೆಂಬರ್ 10ರಂದು ಸೈಬರ್‌ಪಂಕ್ 2077 ಬಂದಾಗ ಬಿಡುಗಡೆಗೆ ಮುಂಚೆ ವಿಮರ್ಶಕರ ಕೈಗೆ ಸಿಕ್ಕದ್ದು ಪಿಸಿ ಪ್ರತಿ ಮಾತ್ರ. ಪಿಸಿ ಆವೃತ್ತಿಗೆ ಮೆಟಾಕ್ರಿಟಿಕ್‌ನಲ್ಲಿ 86, ಆಮೇಲೆ ಸೋನಿಯ ಕನ್ಸೋಲ್ ಪಿಎಸ್4ರ ಆವೃತ್ತಿಗೆ 57. ಒಂದು ವಾರದಲ್ಲಿ ಸೋನಿ ತನ್ನ ಸ್ಟೋರ್‌ನಿಂದಲೇ ಆ ಗೇಮ್ ತೆಗೆಯಿತು. ಪಿಎಸ್4ನಲ್ಲಿ ಆಡಿದವನ ದೂರಿಗೆ ಪಿಸಿಯ 86 ತೋರಿಸಿ ಬಾಯಿ ಮುಚ್ಚಿಸುವುದು ಅನ್ಯಾಯ.

ವಿಮರ್ಶೆ ಓದುವಾಗ ಕೊನೆಯ ಅಂಕಿ ಬಿಟ್ಟು ನಾಲ್ಕು ವಿವರ ಹುಡುಕಿ: ಮಷಿನ್ ಯಾವುದು, ಕಂಟ್ರೋಲರ್ ಹಿಡಿದು ಆಡಿದರೋ ಮೌಸಿನಲ್ಲೋ, 30 ಎಫ್‌ಪಿಎಸ್ (ಸೆಕೆಂಡಿಗೆ ತೋರುವ ಚಿತ್ರ, ಅಂದರೆ ಫ್ರೇಮ್) ಮೋಡೋ 60ರದ್ದೋ, ಮೊದಲ ದಿನದ ಪ್ಯಾಚ್ (ದೋಷ ತಿದ್ದುವ ಅಪ್‌ಡೇಟ್) ಹಾಕಿದ್ದರೋ ಇಲ್ಲವೋ. ಆಮೇಲೆ ಅತಿ ಕಡಿಮೆ ಅಂಕಿ ಕೊಟ್ಟ ಒಂದು ವಿಮರ್ಶೆ, ಅತಿ ಹೆಚ್ಚು ಕೊಟ್ಟ ಒಂದು ವಿಮರ್ಶೆ ತೆಗೆದುಕೊಂಡು ಎರಡರಲ್ಲೂ ಕಂಟ್ರೋಲ್ ಬಗ್ಗೆ ಇರುವ ಪ್ಯಾರಾ ಮಾತ್ರ ಓದಿ. ಇಬ್ಬರೂ ಒಂದೇ ನಡವಳಿಕೆಯನ್ನು ವರ್ಣಿಸಿ ಬೇರೆ ಬೇರೆ ತೀರ್ಪು ಕೊಟ್ಟಿದ್ದರೆ ಅದು ವಿನ್ಯಾಸದ ಪ್ರಶ್ನೆ. ವರ್ಣನೆಯೇ ಬೇರೆ ಬೇರೆ ಇದ್ದರೆ ಅದು ಮಷಿನ್, ಪ್ಯಾಚ್ ಅಥವಾ ಸೆಟ್ಟಿಂಗ್‌ನ ಪ್ರಶ್ನೆ. ಎಷ್ಟೋ ಜಗಳ ಇಲ್ಲಿಗೇ ಮುಗಿಯುತ್ತದೆ.

ವಿಳಂಬ ಅಳೆಯುವುದು

ಇದಕ್ಕೆ ಸ್ಲೋ ಮೋಷನ್ ಇರುವ ಫೋನ್ ಸಾಕು. ಸೆಕೆಂಡಿಗೆ 240 ಫ್ರೇಮ್‌ಗೆ ಇಟ್ಟು, ನಿಮ್ಮ ಹೆಬ್ಬೆರಳು ಮತ್ತು ಪರದೆ ಎರಡೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಶೂಟ್ ಮಾಡಿ. ಬಟನ್ ಕೆಳಗೆ ಹೋದ ಫ್ರೇಮ್‌ನಿಂದ ಪರದೆಯಲ್ಲಿ ಮೊದಲ ಅಲುಗಾಟ ಕಂಡ ಫ್ರೇಮ್‌ವರೆಗೆ ಎಣಿಸಿ. ಒಂದು ಫ್ರೇಮ್ ಅಂದರೆ ಸುಮಾರು 4.2 ಮಿಲಿಸೆಕೆಂಡ್, 24 ಫ್ರೇಮ್ ಅಂದರೆ 100 ಮಿಲಿಸೆಕೆಂಡ್. ಕನಿಷ್ಠ ಐದು ಸಲ ಒತ್ತಿ ಸರಾಸರಿ ತೆಗೆಯಿರಿ. ಒಂದೇ ಸಲದ ಲೆಕ್ಕ ನಂಬಬೇಡಿ, ಒತ್ತಿದ ಕ್ಷಣ ಫ್ರೇಮ್‌ನ ಆರಂಭಕ್ಕೆ ಬಿತ್ತೋ ಕೊನೆಗೆ ಬಿತ್ತೋ ಎಂಬುದರ ಮೇಲೆ ಅಂಕಿ ಹಿಂದೆ ಮುಂದೆ ಆಗುತ್ತದೆ.

ಇದನ್ನು ಎರಡು ಜಾಗದಲ್ಲಿ ಅಳೆಯಬೇಕು, ಅಸಲಿ ಉಪಯೋಗ ಅಲ್ಲಿದೆ. ಮೊದಲು ಗೇಮ್‌ನ ಮೆನುವಿನಲ್ಲಿ ಕರ್ಸರ್ ಕೆಳಗಿಳಿಸಿ ಅಳೆಯಿರಿ, ನಂತರ ಆಟದೊಳಗೆ ಜಿಗಿತವನ್ನೋ ಹೊಡೆತವನ್ನೋ ಅಳೆಯಿರಿ. ಎರಡೂ ನಿಧಾನ ಇದ್ದರೆ ತಪ್ಪು ಟಿವಿ, ವಿ-ಸಿಂಕ್ (ಫ್ರೇಮನ್ನು ಪರದೆಯ ವೇಗಕ್ಕೆ ಹೊಂದಿಸುವ ಸೆಟ್ಟಿಂಗ್), ಬ್ಲೂಟೂತ್ ಇಂಥ ಕಡೆ. ಮೆನು ಚುರುಕಾಗಿದ್ದು ಪಾತ್ರ ಮಾತ್ರ ತಡವಾಗಿ ಅಲುಗಿದರೆ ಆಟದೊಳಗೆ ಫ್ರೇಮ್ ದರ ಬೀಳುತ್ತಿದೆಯೇ ನೋಡಿ. ದರವೂ ಸರಿ ಇದ್ದರೆ ಉಳಿಯುವುದು ಅನಿಮೇಷನ್, ಅಂದರೆ ವಿನ್ಯಾಸ.

ತಪ್ಪು ಹೊರಗಿದ್ದರೆ ಮೊದಲು ಟಿವಿಯಲ್ಲಿ ವಿಳಂಬ ಇಳಿಸುವ ಗೇಮ್ ಮೋಡ್ ಹಾಕಿ. ಮೋಷನ್ ನಯ ಮಾಡುವ ಸೆಟ್ಟಿಂಗ್ ಆನ್ ಇದ್ದರೆ ಟಿವಿ ಕೆಲವು ಫ್ರೇಮ್ ತಡೆಹಿಡಿದು ಲೆಕ್ಕ ಹಾಕಿ ತೋರಿಸುತ್ತದೆ, ಅದರಿಂದಲೇ ವಿಳಂಬ 100 ಮಿಲಿಸೆಕೆಂಡ್ ದಾಟಬಹುದು. ಕೆಲವು ಟಿವಿಗಳಲ್ಲಿ ಗೇಮ್ ಮೋಡ್ ಒಂದೊಂದು ಎಚ್‌ಡಿಎಂಐ ಪೋರ್ಟಿಗೂ ಬೇರೆ ಬೇರೆ. ಪೋರ್ಟ್ ಬದಲಿಸಿದಾಗ ಮತ್ತೆ ನೋಡಿ. ನಂತರ ಫ್ರೇಮ್ ದರ: 30ರಲ್ಲಿ ಒಂದು ಫ್ರೇಮ್‌ಗೆ 33.3 ಮಿಲಿಸೆಕೆಂಡ್, 60ರಲ್ಲಿ 16.7. ಗೇಮ್ ಮೂರು ಫ್ರೇಮ್ ತಡವಾಗಿ ಉತ್ತರಿಸುವಂತಿದ್ದರೆ ಒಂದೇ ಗೇಮ್ ಒಬ್ಬನಿಗೆ 100, ಇನ್ನೊಬ್ಬನಿಗೆ 50 ಮಿಲಿಸೆಕೆಂಡ್. 30ರ 'ಕ್ವಾಲಿಟಿ' ಮೋಡ್‌ನಲ್ಲಿ ಆಡಿದವನೂ 60ರ 'ಪರ್ಫಾರ್ಮನ್ಸ್' ಮೋಡ್‌ನಲ್ಲಿ ಆಡಿದವನೂ ಜಗಳಾಡುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ.

ಲ್ಯಾಪ್‌ಟಾಪ್‌ನವರು ಚಾರ್ಜರ್ ಹಚ್ಚಿಯೇ ಅಳೆಯಬೇಕು. ಕರೆಂಟ್ ಹೋಗಿ ಬ್ಯಾಟರಿ ಮೇಲೆ ಬಂದ ಕೂಡಲೇ ಗ್ರಾಫಿಕ್ಸ್ ಚಿಪ್‌ಗೆ ಸಿಗುವ ಶಕ್ತಿ ಕಡಿತವಾಗಿ ಫ್ರೇಮ್ ದರ ಅರ್ಧಕ್ಕೂ ಇಳಿಯಬಹುದು. ಏಪ್ರಿಲ್-ಮೇ ಬಿಸಿಲಲ್ಲಿ ಇನ್ನೊಂದು ತೊಡಕು ಇದೆ. ಆಟ ಶುರುವಾದಾಗ ಚೆನ್ನಾಗಿದ್ದು ಇಪ್ಪತ್ತು ನಿಮಿಷದ ಮೇಲೆ ಜಡ ಅನ್ನಿಸಿದರೆ ಅದು ಚಿಪ್ ಕಾದು ವೇಗ ಇಳಿಸಿಕೊಂಡದ್ದು. ಹಾಸಿಗೆ ಮೇಲಿಂದ ತೆಗೆದು ಮೇಜಿನ ಮೇಲಿಡಿ, ಫ್ಯಾನಿನ ಧೂಳು ತೆಗೆಸಿ. ನಮ್ಮೂರ ಧೂಳಿಗೆ ಆರು ತಿಂಗಳಿಗೊಮ್ಮೆಯಾದರೂ ಈ ಕೆಲಸ ಬೇಕೇ ಬೇಕು.

ಕಂಟ್ರೋಲರಿನ ವೈರ್‌ಲೆಸ್ ಡಾಂಗಲ್ (ಸಿಗ್ನಲ್ ಹಿಡಿಯುವ ಸಣ್ಣ ಯುಎಸ್‌ಬಿ ತುಂಡು) ಇದ್ದರೆ ಅದನ್ನು ಯುಎಸ್‌ಬಿ 3.0 ಪೋರ್ಟ್ ಪಕ್ಕ ಚುಚ್ಚಬೇಡಿ. ಆ ಪೋರ್ಟಿನ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಗೆ ನುಗ್ಗಿ ಒತ್ತಿದ್ದು ನಡುನಡುವೆ ಕಳೆದುಹೋಗುತ್ತದೆ. ಸಣ್ಣ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಅರ್ಧ ಮೀಟರ್ ದೂರ ತಂದರೆ ಸಾಕು. ಕೇಬಲ್ ಹಚ್ಚಿ ಆಡುವವರು ಆ ಕೇಬಲ್ ಡೇಟಾ ಒಯ್ಯುತ್ತದೆಯೇ ನೋಡಿ. ಚಾರ್ಜಿಂಗ್‌ಗೆ ಮಾತ್ರದ ಕೇಬಲ್ ಆದರೆ ಕಂಟ್ರೋಲರ್ ಬ್ಲೂಟೂತ್‌ನಲ್ಲೇ ಮಾತಾಡುತ್ತಿರುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ.

ಸ್ಟಿಕ್ ಮತ್ತು ಡೆಡ್‌ಝೋನ್

"ಕ್ಯಾಮೆರಾ ಮೊದಲು ತಿರುಗಂಗಿಲ್ಲ, ಆಮ್ಯಾಲ ಒಮ್ಮೆಲೆ ಓಡ್ತದ" ಎಂಬ ದೂರಿಗೆ ಬಹುತೇಕ ಡೆಡ್‌ಝೋನ್ ಕಾರಣ. ಸ್ಟಿಕ್ ನಡುವಿನ ಸಣ್ಣ ಅಲುಗಾಟವನ್ನು ಗೇಮ್ ಲೆಕ್ಕಕ್ಕೆ ತೆಗೆದುಕೊಳ್ಳದ ಜಾಗವೇ ಡೆಡ್‌ಝೋನ್. ವಿಂಡೋಸ್ ಗೇಮ್‌ಗಳು ಕಂಟ್ರೋಲರ್ ಓದಲು ಬಳಸುವ ಮೈಕ್ರೋಸಾಫ್ಟ್‌ನ ಎಕ್ಸ್‌ಇನ್‌ಪುಟ್ ಕೊಟ್ಟ ಮೂಲ ಅಂಕಿ 32767ರಲ್ಲಿ ಎಡ ಸ್ಟಿಕ್‌ಗೆ 7849, ಬಲಕ್ಕೆ 8689. ಅಂದರೆ ಸುಮಾರು ಕಾಲು ಭಾಗ ಸತ್ತ ಜಾಗ. ಹಳೆಯ ಎಕ್ಸ್‌ಬಾಕ್ಸ್ 360 ಕಾಲದ ಈ ಅಂಕಿಯನ್ನೇ ಇಟ್ಟುಕೊಂಡ ಗೇಮ್‌ನಲ್ಲಿ ಸೂಕ್ಷ್ಮ ಗುರಿ ಹಿಡಿಯುವುದು ಕಷ್ಟ. ಅದರ ಮೇಲೆ ಸ್ಟೀಮ್ ಇನ್‌ಪುಟ್ (ಕಂಟ್ರೋಲರ್ ಹೊಂದಿಸುವ ಸ್ಟೀಮ್‌ನ ಸೌಲಭ್ಯ) ತನ್ನದೊಂದು ಡೆಡ್‌ಝೋನ್ ಸೇರಿಸಿದರೆ ಎರಡೂ ಕೂಡಿಕೊಳ್ಳುತ್ತವೆ. ಒಂದನ್ನು ಸೊನ್ನೆ ಮಾಡಿ, ಇನ್ನೊಂದನ್ನು ಮಾತ್ರ ಹೊಂದಿಸಿ.

ಹೊಂದಿಸುವ ಕ್ರಮ ಹೀಗೆ. ಗೇಮ್‌ನ ಡೆಡ್‌ಝೋನ್ ಸೊನ್ನೆಗೆ ತನ್ನಿ. ಸ್ಟಿಕ್ಕನ್ನು ನಾಲ್ಕೂ ದಿಕ್ಕಿಗೆ ಒತ್ತಿ ಕೈಬಿಡಿ, ಕ್ಯಾಮೆರಾ ತಾನಾಗಿ ಜಾರುತ್ತದೆಯೇ ನೋಡಿ. ಜಾರಿದರೆ ಒಂದೊಂದೇ ಅಂಕಿ ಏರಿಸುತ್ತ ಹೋಗಿ, ನಿಂತ ಕೂಡಲೇ ಇನ್ನೆರಡು ಸೇರಿಸಿ ಬಿಡಿ. ಚೆನ್ನಾಗಿರುವ ಕಂಟ್ರೋಲರ್ 5ರಿಂದ 8 ಶೇಕಡಾದೊಳಗೆ ನಿಲ್ಲುತ್ತದೆ. 15 ಬೇಕಾದರೆ ಸ್ಟಿಕ್ ಸವೆದಿದೆ. ಒಳಗೆ ಸ್ಟಿಕ್‌ನ ಸ್ಥಾನ ಅಳೆಯುವ ಪೊಟೆನ್ಷಿಯೋಮೀಟರ್‌ನ ಕಾರ್ಬನ್ ಪಟ್ಟಿ ಉಜ್ಜಿ ಸವೆದರೂ, ಅಲ್ಲಿ ಧೂಳು ಕೂತರೂ ಈ ತಾನಾಗಿ ಜಾರುವುದು, ಅಂದರೆ ಡ್ರಿಫ್ಟ್, ಬರುತ್ತದೆ. ಶುದ್ಧ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ತಿರುಗಿಸಿದರೆ ಧೂಳಿನ ಡ್ರಿಫ್ಟ್ ಹೋಗುತ್ತದೆ, ಸವೆತದ್ದು ಕೆಲವೇ ದಿನದಲ್ಲಿ ಮರಳುತ್ತದೆ. ಹಾಲ್ ಎಫೆಕ್ಟ್ ಸ್ಟಿಕ್‌ನಲ್ಲಿ ಅಯಸ್ಕಾಂತದಿಂದ ಅಳತೆ ನಡೆಯುವುದರಿಂದ ಆ ಉಜ್ಜಾಟವೇ ಇಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ವಿಂಡೋಸ್‌ನ ರನ್ ಬಾಕ್ಸ್‌ನಲ್ಲಿ ಜೆ-ಓ-ವೈ ಡಾಟ್ ಸಿ-ಪಿ-ಎಲ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ, ಸ್ಟಿಕ್ ಬಿಟ್ಟಾಗ ಗುರುತು ನಡುವಿಗೆ ಬರುತ್ತದೋ ಇಲ್ಲವೋ ಅಂಗಡಿಯಲ್ಲೇ ನೋಡಿ ದುಡ್ಡು ಕೊಡಿ.

ಮೆನುವಿನಲ್ಲಿ ಒಮ್ಮೆ ಒತ್ತಿದರೆ ಎರಡು ಸಾಲು ಜಿಗಿಯುತ್ತಿದ್ದರೆ ಅದು ಗೇಮ್‌ನ ದೋಷ ಅಲ್ಲದೇ ಇರಬಹುದು. ಪ್ಲೇಸ್ಟೇಷನ್ ಕಂಟ್ರೋಲರನ್ನು ಗೇಮ್ ನೇರವಾಗಿ ಓದುತ್ತಿದೆ, ಸ್ಟೀಮ್ ಇನ್‌ಪುಟ್ ಅಥವಾ ಬೇರೆ ತಂತ್ರಾಂಶ ಅದನ್ನೇ ಎಕ್ಸ್‌ಬಾಕ್ಸ್ ಕಂಟ್ರೋಲರ್ ಎಂದು ಇನ್ನೊಮ್ಮೆ ತೋರಿಸುತ್ತಿದೆ. ಎರಡರಲ್ಲಿ ಒಂದನ್ನು ಬಂದ್ ಮಾಡಿ. ಮೌಸಿನವರಿಗೆ ಕೆಲಸ ಕಡಿಮೆ: ವಿಂಡೋಸ್‌ನಲ್ಲಿ 'ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್' ತೆಗೆಯಿರಿ, ಗೇಮ್‌ನಲ್ಲಿ ರಾ ಇನ್‌ಪುಟ್ (ಮೌಸಿನ ಅಲುಗಾಟವನ್ನು ಬದಲಿಸದೆ ನೇರ ಓದುವುದು) ಹಾಕಿ, ಮೌಸ್ ಸ್ಮೂದಿಂಗ್ ಬಂದ್ ಮಾಡಿ.

ಬಟನ್ ಹಂಚಿಕೆ

ಅಂಕಿಯೂ ದೂರೂ ಒಟ್ಟಿಗೆ ಇರಬಹುದು ಅನ್ನುವುದಕ್ಕೆ ರೆಡ್ ಡೆಡ್ ರಿಡೆಂಪ್ಷನ್ 2 ದೊಡ್ಡ ಸಾಕ್ಷಿ. 2018ರಲ್ಲಿ ಬಂದ ಅದಕ್ಕೆ ಮೆಟಾಕ್ರಿಟಿಕ್‌ನಲ್ಲಿ 97, ಆದರೂ ಕಂಟ್ರೋಲ್ ಬಗ್ಗೆ ಇವತ್ತಿಗೂ ಜಗಳ ನಿಂತಿಲ್ಲ. ಪಿಎಸ್4ನಲ್ಲಿ ಕಂಟ್ರೋಲರಿನ ಎಡ ಟ್ರಿಗರ್ ಎಲ್2 ಒತ್ತಿದರೆ ಎದುರಿನವನ ಜೊತೆ ಮಾತಾಡಲು ಗಮನ ಹೋಗುತ್ತದೆ. ಕೈಯಲ್ಲಿ ಬಂದೂಕಿದ್ದರೆ ಅದೇ ಎಲ್2 ಅವನಿಗೆ ಗುರಿ ಇಡುತ್ತದೆ. ನಮಸ್ಕಾರ ಹೇಳಲು ಹೋಗಿ ಊರೆಲ್ಲ ಎದ್ದು ಬರುವುದು ಹೀಗೆ. ಬಂದೂಕನ್ನು ಒಳಗಿಟ್ಟು ಓಡಾಡಿದರೆ ತಪ್ಪುತ್ತದೆ, ಆದರೆ ಒಂದೇ ಬಟನ್‌ಗೆ ವಿರುದ್ಧ ಕೆಲಸ ಕೊಟ್ಟದ್ದು ವಿನ್ಯಾಸದ ತಪ್ಪೇ. 97 ಬಂದಿದೆ ಎಂದು ಅದನ್ನು ಒಪ್ಪಬೇಕಿಲ್ಲ.

ಹೊಸ ಗೇಮ್‌ನಲ್ಲಿ ಇದನ್ನು ಹಿಡಿಯಲು ಕಂಟ್ರೋಲ್ ಪುಟ ತೆರೆದು ಎರಡು ಕೆಲಸ ಇರುವ ಬಟನ್‌ಗಳನ್ನು ಮಾತ್ರ ಗುರುತಿಸಿ. ಎರಡೂ ಕೆಲಸ ಒಂದೇ ಸನ್ನಿವೇಶದಲ್ಲಿ ಬರುವಂತಿದ್ದರೆ ರೀಮ್ಯಾಪ್ ಮಾಡಿ, ಅಂದರೆ ಒಂದನ್ನು ಬೇರೆ ಬಟನ್‌ಗೆ ಹಾಕಿ. ಗೇಮ್ ಬಿಡದಿದ್ದರೆ ಸ್ಟೀಮ್ ಇನ್‌ಪುಟ್‌ನಲ್ಲಿ ಒತ್ತಿಹಿಡಿದರೆ ಒಂದು, ತಟ್ಟಿದರೆ ಇನ್ನೊಂದು ಎಂದು ಬೇರೆ ಮಾಡಬಹುದು. ಆದರೆ ತಟ್ಟಿದ್ದೋ ಹಿಡಿದದ್ದೋ ಎಂದು ತಿಳಿಯಲು ಅದು ಕಾಯಬೇಕು, ಆ ಕಾಯುವಿಕೆ ವಿಳಂಬಕ್ಕೆ ಸೇರುತ್ತದೆ. ಡಾಡ್ಜ್ (ಏಟು ತಪ್ಪಿಸಿಕೊಳ್ಳುವ), ಪ್ಯಾರಿ (ಏಟು ತಡೆಯುವ) ಬಟನ್‌ಗಳಿಗೆ ಈ ಉಪಾಯ ಬೇಡ.

ಈಗ ವಿನ್ಯಾಸದ ವಾದ

ಇಲ್ಲಿ ಎರಡು ಪರೀಕ್ಷೆ. ಹೊಡೆತದ ಅನಿಮೇಷನ್ ಅರ್ಧಕ್ಕೆ ಬಂದಾಗ ಡಾಡ್ಜ್ ಒತ್ತಿ: ಹೊಡೆತ ಕಡಿದು ತಪ್ಪಿಸಿಕೊಂಡನೋ, ಮುಗಿಯುವ ತನಕ ಕಾದನೋ? ಹೊಡೆತ ನಡೆಯುವಾಗಲೇ ಇನ್ನೊಮ್ಮೆ ಹೊಡೆತ ಒತ್ತಿ: ಅದು ಸರದಿಯಲ್ಲಿ ನಿಂತು ನಡೆಯಿತೋ, ಕಳೆದುಹೋಯಿತೋ? ಕಡಿಯಲು ಬಿಡದ, ಸರದಿಗೂ ಹಾಕದ ಗೇಮ್ ಕೈಗೆ ಒರಟು. ಕಡಿಯಲು ಬಿಡದೆ ಸರದಿಗೆ ಮಾತ್ರ ಹಾಕುವ ಗೇಮ್ ಯೋಚಿಸಿ ಒತ್ತು ಎನ್ನುತ್ತದೆ. ಅದು ರುಚಿಯ ಪ್ರಶ್ನೆ, ಕೆಡುಕಲ್ಲ.

ನ್ಯಾಯದ ಲೆಕ್ಕವನ್ನೂ ಹಾಕಬಹುದು. ಶತ್ರು ಕೈ ಎತ್ತಿದಾಗಿನಿಂದ ಏಟು ಬೀಳುವ ತನಕ 500 ಮಿಲಿಸೆಕೆಂಡ್ ಇದೆ ಅನ್ನಿ. ಕಂಡು ಒತ್ತಲು ಮನುಷ್ಯನಿಗೆ ಸುಮಾರು 250 ಬೇಕು. ನಿಮ್ಮ ಒಟ್ಟು ವಿಳಂಬ 60 ಆದರೆ 190 ಉಳಿಯಿತು, 200 ಆದರೆ 50 ಮಾತ್ರ. ಗೇಮ್ ಮೋಡ್ ಹಾಕದ ಟಿವಿಯಲ್ಲಿ ಆಡಿ "ಬಾಸ್ ಮೋಸ ಮಾಡ್ತಾನ" ಎನ್ನುವವನ ಸಿಟ್ಟು ಈ 140ರೊಳಗಿದೆ.

ಕೆಲವು ಗೇಮ್‌ಗಳಲ್ಲಿ ಇಷ್ಟೆಲ್ಲ ಆದಮೇಲೂ ವಾದ ಉಳಿಯುತ್ತದೆ, ಉಳಿಯಲೂ ಬೇಕು. 2016ರಲ್ಲಿ ನಿಂಟೆಂಡೋದ ವೀ ಯು ಕನ್ಸೋಲ್ ಮೇಲೆ ಬಂದ ಸ್ಟಾರ್ ಫಾಕ್ಸ್ ಝೀರೋ ನೋಡಿ. ಟಿವಿಯಲ್ಲಿ ವಿಮಾನದ ಹಿಂದಿನ ನೋಟ, ಕೈಯಲ್ಲಿನ ಪರದೆ ಇರುವ ಗೇಮ್‌ಪ್ಯಾಡ್‌ನಲ್ಲಿ ಕಾಕ್‌ಪಿಟ್ ನೋಟ, ಗುರಿಯನ್ನು ಗೇಮ್‌ಪ್ಯಾಡನ್ನೇ ವಾಲಿಸಿ ಇಡಬೇಕು. ಮೆಟಾಕ್ರಿಟಿಕ್ ಅಂಕಿ 69. ಎರಡು ಪರದೆಯ ನಡುವೆ ಕಣ್ಣು ಓಡಿಸುವುದೇ ತೊಂದರೆ ಎಂದು ಬಹಳ ವಿಮರ್ಶಕರು ಬರೆದರು. ಕೈ ಪಳಗಿದ ಮೇಲೆ ಇಂಥ ಗುರಿ ಬೇರೆಲ್ಲೂ ಸಿಗದು ಎಂದು ಅಭಿಮಾನಿಗಳು ಪಟ್ಟು ಹಿಡಿದರು. ಇಬ್ಬರೂ ಒಂದೇ ನಡವಳಿಕೆಯನ್ನು ವರ್ಣಿಸಿದ್ದಾರೆ. ಪಳಗಲು ಎಷ್ಟು ಗಂಟೆ ಕೇಳುವುದು ನ್ಯಾಯ ಎಂಬುದೇ ಅಲ್ಲಿನ ನಿಜವಾದ ಪ್ರಶ್ನೆ.

ಆದ್ದರಿಂದ ಗೆಳೆಯರ ನಡುವೆ ಮಾತು ಹೀಗೆ ಇಡಿ: "ಪಿಎಸ್5, 60ರ ಮೋಡ್, ಡೆಡ್‌ಝೋನ್ 6, ಮೆನುದಾಗ 70 ಮಿಲಿಸೆಕೆಂಡ್, ಹೊಡೆತಕ್ಕ 180. ಡಾಡ್ಜ್‌ನಿಂದ ಹೊಡೆತ ಕಡಿಯಾಕ ಬರಂಗಿಲ್ಲ." ಇದಕ್ಕೆ ಎದುರಿನವನು ತನ್ನ ಅಂಕಿಯಿಂದಲೇ ಉತ್ತರ ಕೊಡಬೇಕಾಗುತ್ತದೆ.

ಈ ಪರೀಕ್ಷೆಗಳನ್ನು ಸ್ಟೀಮ್‌ನಲ್ಲಿ ಕೊಂಡವರು ಮೊದಲ ಒಂದು ಗಂಟೆಯಲ್ಲೇ ಮುಗಿಸಿ. ಕೊಂಡ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ಹಣ ವಾಪಸ್ ಕೇಳಬಹುದು. ಗೇಮ್ ತೆರೆದಿಟ್ಟ ಹೊತ್ತೆಲ್ಲ ಲೆಕ್ಕಕ್ಕೆ ಬರುತ್ತದೆ, ಶೇಡರ್ (ಚಿತ್ರ ಮೂಡಿಸುವ ಸಣ್ಣ ಪ್ರೋಗ್ರಾಂ) ತಯಾರಾಗುತ್ತ ಕೂತ ಇಪ್ಪತ್ತು ನಿಮಿಷವೂ, ಮೆನುವಿನಲ್ಲಿ ಬಿಟ್ಟು ಊಟಕ್ಕೆ ಹೋದದ್ದೂ. ಪ್ಲೇಸ್ಟೇಷನ್ ಸ್ಟೋರ್‌ನಲ್ಲಿ ಡೌನ್‌ಲೋಡ್ ಶುರು ಮಾಡಿದ ಮೇಲೆ ಸಾಮಾನ್ಯವಾಗಿ ಆ ದಾರಿ ಇಲ್ಲ, ಡೆಮೊ ಇದ್ದರೆ ಅದರಲ್ಲೇ ಅಳೆದು ನೋಡಿ. ಮತ್ತೆ ದೊಡ್ಡ ಪ್ಯಾಚ್ ಬಂದ ದಿನ ಮೆನು ಮತ್ತು ಹೊಡೆತದ ಎರಡು ಅಳತೆ ಮಾತ್ರ ಪುನಃ ತೆಗೆಯಿರಿ, ಹಳೆಯ ಅಂಕಿಯ ಪಕ್ಕ ಪ್ಯಾಚ್‌ನ ಸಂಖ್ಯೆ ಬರೆದಿಡಿ.