ಸೋಮವಾರದ ಹಾಜರಿ

2016ರ ಮಳೆಗಾಲ. ಹೊಸನಗರ ತಾಲ್ಲೂಕಿನ ನಮ್ಮೂರ ಶಾಖಾ ಅಂಚೆ ಕಚೇರಿಯಲ್ಲಿ ಚೀಲ ಬಿಚ್ಚಿ ಕಾಗದಗಳಿಗೆ ಮೊಹರು ಹೊಡೆಯುತ್ತಿದ್ದೆ. ಬಾಯಿ ಅಂಟಿಸದ ಬುಕ್ ಪೋಸ್ಟ್ ಕವರೊಂದರಿಂದ ವೈಕುಂಠ ಸಮಾರಾಧನೆಯ ಕಾರ್ಡು ಅರ್ಧ ಹೊರಗೆ ಜಾರಿತ್ತು. ಬಂದದ್ದು ನನಗಲ್ಲ, ಊರಿನ ಇನ್ನೊಬ್ಬರಿಗೆ. ಒಳಗೆ ತಳ್ಳಲು ಹೋದಾಗ ಹೆಸರು ಕಂಡಿತು. ನಮ್ಮ ಹೈಸ್ಕೂಲಿನ ಹಾಜರಿ ಪುಸ್ತಕದ 9ನೇ ನಂಬರಿನವನು. ಮೂರು ವರ್ಷ ಒಂದೇ ಬೆಂಚಿನಲ್ಲಿ ನನ್ನ ಎಡಗಡೆ ಕೂತವನು. ಅವನ ಮನೆ ನಮ್ಮೂರಿಂದ ಹನ್ನೆರಡು ಕಿಲೋಮೀಟರು. ತೀರಿಕೊಂಡು ಹತ್ತು ದಿನವಾಗಿತ್ತು. ಅದಕ್ಕೂ ಮೊದಲು ಎಂಟು ತಿಂಗಳು ಹಾಸಿಗೆ ಹಿಡಿದಿದ್ದನಂತೆ. ನನಗೆ ಏನೂ ಗೊತ್ತಿರಲಿಲ್ಲ.

ಕರೆಯದಿದ್ದರೂ ಸಮಾರಾಧನೆಗೆ ಹೋದೆ. ಅವನ ಹೆಂಡತಿ ನನ್ನನ್ನು ನೋಡಿ, "ನೀವು ಪೋಸ್ಟಿನವರಲ್ವಾ, 12ನೇ ನಂಬರಿನವರು? ನಿಮ್ಮ ಸುದ್ದಿ ಆಗಾಗ ಹೇಳ್ತಿದ್ರು" ಅಂದರು. ಹೇಳುತ್ತಿದ್ದವನು ಫೋನು ಮಾಡಲಿಲ್ಲ, ಕೇಳಬೇಕಾದ ನಾನೂ ಮಾಡಲಿಲ್ಲ. ಊರೂರಿನ ಕಾಗದ ಮನೆಮನೆಗೆ ಮುಟ್ಟಿಸುವುದೇ ನನ್ನ ಕೆಲಸವಾಗಿತ್ತು. ಆ ಮಾತು ಬಹಳ ದಿನ ಎದೆಯಲ್ಲಿ ಕೂತಿತ್ತು. ಅವತ್ತು ವಾಪಸು ಬರುವಾಗ ಬಸ್ಸಿನಲ್ಲೇ, ಜೇಬಿನಲ್ಲಿದ್ದ ಹಳೇ ಕವರಿನ ಹಿಂಬದಿ, ನೆನಪಿಗೆ ಬಂದ ನಂಬರುಗಳನ್ನೆಲ್ಲ ಬರೆದೆ.

ನಾವು 1975ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರು. 27 ಹುಡುಗರು, 11 ಹುಡುಗಿಯರು, ಒಟ್ಟು 38. ಒಂದೇ ಹೆಸರಿನವರು ನಾಲ್ಕು ಜನ ಇದ್ದದ್ದರಿಂದ ಮೇಷ್ಟ್ರು ನಂಬರಿನಲ್ಲೇ ಕರೆಯುತ್ತಿದ್ದರು, ನಾವೂ ಹಾಗೇ ಕರೆದುಕೊಳ್ಳುತ್ತಿದ್ದೆವು. ಇಲ್ಲಿಯೂ ಹಾಗೇ ಬರೆಯುತ್ತೇನೆ.

ಹುಡುಕಲು ಎರಡು ವರ್ಷ ಹಿಡಿಯಿತು. ಶಾಲೆಯ ಮುಖ್ಯೋಪಾಧ್ಯಾಯರು ಹಳೇ ದಾಖಲಾತಿ ಪುಸ್ತಕ ತೆಗೆದು ತೋರಿಸಿದರು. ಗಂಡಸರು ಸುಲಭ, ಮನೆತನದ ಹೆಸರು ಹಿಡಿದು ಹೋದರೆ ಸಿಗುತ್ತಾರೆ. ಹೆಣ್ಣುಮಕ್ಕಳನ್ನು ಹುಡುಕುವುದೇ ಕಷ್ಟ. ಮದುವೆಯಾಗಿ ಊರು ಬದಲಾಗಿದೆ, ಹೆಸರಿನ ಹಿಂದಿನ ಇನಿಶಿಯಲ್ಲೂ ಬದಲಾಗಿದೆ. ತವರುಮನೆಗೇ ಹೋಗಬೇಕು. ಅಣ್ಣ ತಮ್ಮಂದಿರ ಹತ್ತಿರ ಕೇಳಿದರೆ, "ಯಾಕೆ ಬೇಕಿತ್ತು?" ಎಂಬ ಅನುಮಾನ. ಅತ್ತಿಗೆಯರ ಹತ್ತಿರ ಕೇಳಿದರೆ ಊರು, ಗಂಡನ ಹೆಸರು, ಮಕ್ಕಳೆಷ್ಟು ಎಲ್ಲ ಒಂದೇ ಉಸಿರಿಗೆ ಹೇಳುತ್ತಾರೆ. ಸಿಕ್ಕ ವಿಳಾಸಕ್ಕೆಲ್ಲ ಐವತ್ತು ಪೈಸೆಯ ಪೋಸ್ಟ್‌ಕಾರ್ಡು ಬರೆದೆ. ಕಾರ್ಡನ್ನು ಮನೆಯವರೆಲ್ಲ ಓದಬಹುದು, ಹಾಗಾಗಿ ಯಾರ ಮನೆಯಲ್ಲೂ ತಪ್ಪು ತಿಳಿಯಲಿಲ್ಲ. 24 ಜನ ಸಿಕ್ಕರು. 8 ಜನ ಹೋಗಿಬಿಟ್ಟಿದ್ದರು. 6 ಜನರ ಸುಳಿವು ಇವತ್ತಿಗೂ ಇಲ್ಲ.

2019ರ ಫೆಬ್ರವರಿಯಲ್ಲಿ ಶಾಲೆಯ ಅಂಗಳದಲ್ಲೇ ದೊಡ್ಡದಾಗಿ ಸೇರಿದೆವು. ಶಾಮಿಯಾನ, ಮೈಕು, ಗುರುಗಳಿಗೆ ಶಾಲು ಹಣ್ಣು. ಆ ವರ್ಷ ಸಾಗರದ ಅರಳಗೋಡು ಕಡೆ ಮಂಗನ ಕಾಯಿಲೆ ಜೋರಾಗಿತ್ತು, ಆ ಭಾಗದ ಇಬ್ಬರು ಬರಲಿಲ್ಲ. ಬಂದವರು 19. ಕಣ್ಣೀರು, ನಗು, ಫೋಟೋ ಎಲ್ಲ ಆಯಿತು. ಆದರೆ ಮೈಕು ಸಿಕ್ಕವರು ಮಗ ಎಲ್ಲಿದ್ದಾನೆ, ಮನೆ ಎಲ್ಲಿ ಕಟ್ಟಿಸಿದೆ ಎಂದೇ ಮಾತಾಡಿದರು. ಕೊನೆಗೆ ಯಾರೋ ಎದ್ದು ಶಾಲೆಗೆ ಕೊಡುಗೆ ಕೊಡೋಣ, ತಲೆಗೆ ಎರಡು ಸಾವಿರ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಮುಂದಿನ ಸಲ ಮೂವರು ಬರಲಿಲ್ಲ.

ಅವರಲ್ಲಿ 22 ಒಬ್ಬ. ಅವನ ಮನೆಯವರು ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ತುಂಬಿ ಶರಾವತಿ ಹಿನ್ನೀರು ಊರುಗಳನ್ನು ತೆಗೆದುಕೊಂಡಾಗ ಅವನಿಗೆ ಐದು ವರ್ಷ. ಹುಟ್ಟಿದ ಮನೆ, ಅಡಿಕೆ ತೋಟ, ಚೌಡಿಬನ ಎಲ್ಲ ನೀರಿನಡಿ. ಅವನ ಮನೆಗೆ ಹೋಗಿ ಜಗಲಿಯಲ್ಲಿ ಕೂತು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದವನು ಹೇಳಿದ: "ಊರು ಅಂತ ನನಗೆ ಇರೋದು ನೀವೇ ಮಾರಾಯ. ಅಲ್ಲಿ ಬಂದು ದುಡ್ಡಿಲ್ಲ ಅಂತ ಹೆಂಗೆ ಹೇಳ್ಲಿ?"

ಅವತ್ತೇ ದೊಡ್ಡ ಸಭೆ ಬಿಟ್ಟೆವು. ದುಡ್ಡು ಎತ್ತುವುದನ್ನೂ ಬಿಟ್ಟೆವು. ಹಳೇ ವಿದ್ಯಾರ್ಥಿಗಳ ಸಂಘ, ಅಧ್ಯಕ್ಷ, ಖಜಾಂಚಿ ಇವೆಲ್ಲ ನಮ್ಮ ವಯಸ್ಸಿಗೆ ಬೇಡ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆಮೇಲೆ ಒಂದೇ ಪದ್ಧತಿ: ತಿಂಗಳಿಗೊಮ್ಮೆ ನಾಲ್ಕು ಜನ ಸೇರಿ ಒಬ್ಬರ ಮನೆಗೆ ಹೋಗುವುದು. ಯಾರು ಬರುವುದನ್ನು ನಿಲ್ಲಿಸಿದ್ದಾರೋ ಅವರ ಮನೆಗೆ ಮೊದಲು. ನಾಲ್ಕೇ ಜನ ಯಾಕೆಂದರೆ 11ಕ್ಕೆ ಕಿವಿ ಮಂದ. ಐದಾರು ಜನ ಒಟ್ಟಿಗೆ ಮಾತಾಡಿದರೆ ಅವನಿಗೆ ಬರೀ ಗದ್ದಲ ಕೇಳಿಸುತ್ತದೆ, ಸುಮ್ಮನೆ ತಲೆಯಾಡಿಸುತ್ತ ಕೂತುಬಿಡುತ್ತಾನೆ. ನಾಲ್ಕು ಜನರಿದ್ದರೆ ಒಬ್ಬೊಬ್ಬರೇ ಮಾತಾಡುತ್ತಾರೆ. ಮಾತಾಡುವವರ ಮುಖಕ್ಕೆ ಬೆಳಕು ಬೀಳುವ ಹಾಗೆ ಅವನನ್ನು ಗೋಡೆ ಕಡೆ, ನಮ್ಮನ್ನು ಅಂಗಳದ ಕಡೆ ಮುಖ ಮಾಡಿ ಕೂರಿಸಿಕೊಂಡರೆ ತುಟಿ ನೋಡಿ ಮುಕ್ಕಾಲು ಹಿಡಿಯುತ್ತಾನೆ.

ಊಟ ನಾವೇ ಒಯ್ಯುತ್ತೇವೆ. ಒಬ್ಬರು ಅಕ್ಕಿ ರೊಟ್ಟಿ, ಒಬ್ಬರು ಚಟ್ನಿ, ಯಾರಾದರೂ ಅಪ್ಪೆಮಿಡಿ ಉಪ್ಪಿನಕಾಯಿ. ಆ ಮನೆಯವರು ಕಷಾಯ ಕಾಯಿಸಿದರೆ ಸಾಕು. ಮೊದಲೆರಡು ಸಲ ಹೋದಾಗ ಆ ಮನೆಗಳ ಸೊಸೆಯಂದಿರು ಬೆಳಗ್ಗೆ ನಾಲ್ಕಕ್ಕೆದ್ದು ಕಡುಬು, ಹೋಳಿಗೆ ಎಂದು ಬೆವರಿದ್ದನ್ನು ನೋಡಿದ್ದೆ. ನಮ್ಮ ಸ್ನೇಹದ ಭಾರ ಇನ್ನೊಬ್ಬರ ಸೊಂಟದ ಮೇಲೆ ಬೀಳಬಾರದು. ಅದೂ ಅಲ್ಲದೆ ನಮ್ಮಲ್ಲಿ ಅರ್ಧ ಜನಕ್ಕೆ ಸಕ್ಕರೆ ಕಾಯಿಲೆ.

ಕೊಯ್ಲಿನ ತಿಂಗಳುಗಳಲ್ಲಿ ತೋಟದವರು ಸಿಗುವುದಿಲ್ಲ, ಆಗ ಶಿವಮೊಗ್ಗ, ಸಾಗರದ ಪೇಟೆ ಮನೆಗಳಿಗೆ ಹೋಗುತ್ತೇವೆ. ನವೆಂಬರ್ ಮೊದಲ ವಾರ ಪಿಂಚಣಿ ಇರುವ ಏಳು ಜನ 5ರ ಮನೆಯಲ್ಲಿ ಸೇರುತ್ತಾರೆ. ಜೀವನ ಪ್ರಮಾಣ ಪತ್ರ ಕೊಡಬೇಕಲ್ಲ. ತೋಟದ ಕೆಲಸಕ್ಕೆ ಸವೆದ ಬೆರಳುಗಳನ್ನು ಯಂತ್ರ ಓದುವುದಿಲ್ಲ. ಮೊಬೈಲಿನಲ್ಲಿ ಮುಖ ತೋರಿಸಿ ಮಾಡುವ ವಿಧಾನ ಬಂದ ಮೇಲೆ ಜಗಲಿಯ ಬೆಳಕಿನಲ್ಲಿ ಒಬ್ಬೊಬ್ಬರಿಗೇ ನಾನೇ ಮಾಡಿಕೊಡುತ್ತೇನೆ. ಮಗನಿಗೋ ಮೊಮ್ಮಗನಿಗೋ ಕಾದು ಕೂರುವುದು ತಪ್ಪುತ್ತದೆ.

ಹೆಣ್ಣುಮಕ್ಕಳು ಮೊದಲು ಬರುತ್ತಿದ್ದದ್ದು ಕಡಿಮೆ. ಶಾಲೆಯಲ್ಲಿ ನಾವು ಅವರ ಹತ್ತಿರ ಮಾತೇ ಆಡಿದವರಲ್ಲ. ಅರವತ್ತು ದಾಟಿದ ಮೇಲೆ ಮೊದಲ ಸಲ "ನೀವು ಹೇಗಿದ್ದೀರಿ" ಎಂದು ಕೇಳಿಕೊಂಡದ್ದು. ಎರಡು ವರ್ಷಕ್ಕೆ ಅದು "ಹೆಂಗಿದ್ದಿ ಮಾರಾಯ್ತಿ" ಆಯಿತು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ 31 ಸಾಗರದಿಂದ ಶಿವಮೊಗ್ಗಕ್ಕೆ ಸರ್ಕಾರಿ ಬಸ್ಸಿನಲ್ಲಿ ಯಾರನ್ನೂ ಕೇಳದೆ ಹೊರಡತೊಡಗಿದಳು. ಟಿಕೆಟಿನ ದುಡ್ಡಿಗೆ ಮಗನ ಮುಂದೆ ಕೈ ಚಾಚಬೇಕಿಲ್ಲ ಎನ್ನುವುದು ಅವಳಿಗೆ ಎಷ್ಟು ದೊಡ್ಡದು ಎಂದು ಅವಳ ಮುಖ ನೋಡಿದರೆ ತಿಳಿಯುತ್ತದೆ. ನಮ್ಮ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅಲ್ಲಿ ಆ ಸೌಲಭ್ಯ ಇಲ್ಲ. ಹಾಗಾಗಿ ಹಳ್ಳಿಯಲ್ಲಿರುವ ಇಬ್ಬರನ್ನು ಯಾರಾದರೂ ಹೋಗಿ ಕರೆತರಲೇಬೇಕು. ಎಲ್ಲರೂ ಸೇರಿ ಒಟ್ಟಿಗೆ ಹೊರಡುವುದು ರಿಪ್ಪನ್‌ಪೇಟೆಯಿಂದ. ಶಿವಮೊಗ್ಗ, ಸಾಗರ, ಹೊಸನಗರ, ತೀರ್ಥಹಳ್ಳಿ ನಾಲ್ಕೂ ಕಡೆಯ ಬಸ್ಸು ಅಲ್ಲಿಗೆ ಬರುತ್ತವೆ.

ಇನ್ನು ಹಾಜರಿಯ ವಿಷಯ. ಇದು ಶುರುವಾದದ್ದು 2020ರಲ್ಲಿ, ಕೊರೊನಾ ಬಂದು ಹೋಗಿಬರುವುದು ನಿಂತಾಗ. ವಾಟ್ಸಾಪ್ ಗ್ರೂಪ್ ಇತ್ತು, ಆದರೆ ಅರ್ಧ ಜನರ ಹತ್ತಿರ ಬಟನ್ ಫೋನು. ಗ್ರೂಪಿನಲ್ಲಿದ್ದವರೂ ಯಾರೋ ಕಳಿಸಿದ ಹೂವಿನ ಚಿತ್ರ ಕಳಿಸುತ್ತಿದ್ದರು, ಚುನಾವಣೆ ಹತ್ತಿರ ಬಂದಾಗ ಜಗಳ ಆಡುತ್ತಿದ್ದರು. ದಿನಾ ಬೆಳಗ್ಗೆ ಶುಭೋದಯ ಬರುವವನು ಚೆನ್ನಾಗಿದ್ದಾನೆ ಎಂದು ನಂಬಿಕೊಂಡಿರುತ್ತೇವೆ, ಅದು ನಿಜ ಇರಬೇಕೆಂದಿಲ್ಲ. ದನಿ ಕೇಳಬೇಕು. ಉಬ್ಬಸ ಇದ್ದರೆ, ಬೇಜಾರಿದ್ದರೆ, ಹೊಟ್ಟೆಗೆ ಸರಿಯಾಗಿ ಹೋಗದಿದ್ದರೆ ದನಿಯಲ್ಲಿ ತಿಳಿಯುತ್ತದೆ.

ಶಾಲೆಯ ಬೆಂಚಿನ ಹಾಗೆ ನಾಲ್ಕು ಬೆಂಚು ಮಾಡಿಕೊಂಡೆವು. ಒಂದು ಬೆಂಚಿಗೆ ಐದಾರು ಜನ, ಒಬ್ಬರು ಮಾನಿಟರ್. ಸೋಮವಾರ ಬೆಳಗ್ಗೆ ಏಳರಿಂದ ಎಂಟರೊಳಗೆ ಮಾನಿಟರ್ ತನ್ನ ಬೆಂಚಿನವರಿಗೆ ಫೋನು ಮಾಡಬೇಕು, ಆಮೇಲೆ ನನಗೆ ಹೇಳಬೇಕು. ನನ್ನ ಹತ್ತಿರ ಉದ್ದ ಗೆರೆಯ ನೋಟ್‌ಬುಕ್ಕು. ನಂಬರಿನ ಮುಂದೆ ಒಂದು ಗೀಟು, ಪಕ್ಕದಲ್ಲಿ ಒಂದು ಮಾತು: "ಮಂಡಿ ನೋವು", "ಮಗಳು ಬಂದಿದ್ದಾಳೆ", "ದನಿ ಸಣ್ಣ". ಎರಡು ವಾರ ಒಂದೇ ನಂಬರಿನ ಮುಂದೆ "ದನಿ ಸಣ್ಣ" ಬಂದರೆ ಆ ತಿಂಗಳು ಅಲ್ಲಿಗೇ ಹೋಗುವುದು. ಫೋನು ಎತ್ತದಿದ್ದರೆ ಹತ್ತು ಗಂಟೆಯವರೆಗೆ ಕಾಯುತ್ತೇವೆ, ಆಮೇಲೆ ಹತ್ತಿರದವರು ಎದ್ದು ಹೋಗಲೇಬೇಕು. ನಾಳೆ ನೋಡೋಣ ಎನ್ನುವಂತಿಲ್ಲ.

2022ರ ಜನವರಿಯ ಒಂದು ಸೋಮವಾರ 34 ಫೋನು ಎತ್ತಲಿಲ್ಲ. ಗಂಡ ತೀರಿಕೊಂಡ ಮೇಲೆ ತೋಟದ ಮನೆಯಲ್ಲಿ ಒಬ್ಬಳೇ. ಮಗ ಬೆಂಗಳೂರಿನಲ್ಲಿ, ಮಗಳು ಪರದೇಶದಲ್ಲಿ. ನಮ್ಮ ಮಲೆನಾಡಿನ ದೊಡ್ಡ ಮನೆಗಳು ಈಗ ಬಹುಪಾಲು ಹೀಗೇ, ಹತ್ತು ಕೋಣೆಗೆ ಒಂದು ಜೀವ. ನಾಲ್ಕು ಕಿಲೋಮೀಟರು ದೂರದ 20 ಸ್ಕೂಟರು ಹತ್ತಿ ಹೋದ. ಬಚ್ಚಲಿನಲ್ಲಿ ಬಿದ್ದಿದ್ದಳು. ಹಿಂದಿನ ರಾತ್ರಿಯೇ ಜಾರಿ ತೊಡೆಯ ಮೂಳೆ ಮುರಿದಿತ್ತು. ಒಳಗಿಂದ ಚಿಲಕ ಹಾಕಿದ್ದರಿಂದ ಬಾಗಿಲು ಒಡೆಯಬೇಕಾಯಿತು. ಮೈ ತಣ್ಣಗಾಗಿತ್ತು, ಮಾತಿತ್ತು. "ಇವತ್ತು ಸೋಮವಾರ, ಯಾರಾದ್ರೂ ಬರ್ತೀರಿ ಅಂತ ಕಾಯ್ತಿದ್ದೆ" ಅಂದಳಂತೆ. ಶಿವಮೊಗ್ಗಕ್ಕೆ ಕರೆದೊಯ್ದು ಆಪರೇಷನ್ ಆಯಿತು. ಈಗ ವಾಕರ್ ಹಿಡಿದು ಅಂಗಳದವರೆಗೆ ಬರುತ್ತಾಳೆ. ಅದಾದ ಮೇಲೆ ಒಬ್ಬರೇ ಇರುವವರ ಮನೆಗಳಲ್ಲಿ ಬಚ್ಚಲಿನ ಚಿಲಕ ತೆಗೆಸಿದೆವು, ಇನ್ನೊಂದು ಬೀಗದ ಕೈ ಹತ್ತಿರದ ಬೆಂಚಿನವರ ಹತ್ತಿರ ಇಟ್ಟೆವು. ಭಾನುವಾರ ರಾತ್ರಿಯೇ ಬಿದ್ದದ್ದು ನಮ್ಮ ಪುಣ್ಯ. ಮಂಗಳವಾರ ಬಿದ್ದಿದ್ದರೆ ಎಂದು ಯೋಚಿಸಿ, ಒಬ್ಬರೇ ಇರುವ ಮೂವರಿಗೆ ಮಾತ್ರ ಹಾಜರಿಯನ್ನು ದಿನಾ ಮಾಡಿದೆವು.

ಜುಲೈ ಬಂದರೆ ಈ ವ್ಯವಸ್ಥೆಯೆಲ್ಲ ಕಷ್ಟ. ಗಾಳಿ ಮಳೆಗೆ ಮರ ಬಿದ್ದು ಕರೆಂಟು ಹೋದರೆ ನಾಲ್ಕೈದು ದಿನ ಬರುವುದಿಲ್ಲ, ಟವರಿನ ಬ್ಯಾಟರಿ ಮುಗಿದರೆ ಫೋನೂ ಇಲ್ಲ. ಆಗ ಮತ್ತೆ ಪೋಸ್ಟ್‌ಕಾರ್ಡು. ತಡವಾಗಿ ಹೋದರೂ ಹೋಗುತ್ತದೆ. ಹಾಲಿನ ಡೈರಿಗೆ ಬರುವವರ ಹತ್ತಿರ, ಬಸ್ಸಿನ ಕಂಡಕ್ಟರ ಹತ್ತಿರ ಬಾಯಿಮಾತಿನ ಸುದ್ದಿಯನ್ನೂ ಕಳಿಸುತ್ತೇವೆ.

17ರ ವಿಷಯ ಹೇಳದೆ ಇರಲಾರೆ. ಲೆಕ್ಕದಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಮೂರು ವರ್ಷದಿಂದ ಮರೆವಿನ ಕಾಯಿಲೆ. ಮೊದಲ ಸಲ ಹೋದಾಗ ಹಾಜರಿ ನಂಬರು ಕೂಗಿದರೆ ಗುರುತು ಹಿಡಿದಾನು ಎಂದು ಆಸೆಯಿಂದ ಕೂಗಿದೆ. ಅವನು ನನ್ನ ಅಂಗಿಯ ಗುಂಡಿ ನೋಡುತ್ತ ಕೂತಿದ್ದ. ಬರುವಾಗ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಇನ್ನು ಹೋಗಿ ಏನು ಪ್ರಯೋಜನ ಎಂದು 20 ಕೇಳಿದ. ಮರುದಿನ 17ರ ಹೆಂಡತಿ ಫೋನು ಮಾಡಿ, "ಅಣ್ಣಾ, ನಿನ್ನೆ ನೀವು ಕೂತಿದ್ದ ಹೊತ್ತಿಗೆ ನಾನು ಎರಡು ಗಂಟೆ ಮಲಗಿದೆ. ತಿಂಗಳಾಗಿತ್ತು ಹಗಲು ಕಣ್ಣು ಮುಚ್ಚಿ. ಮತ್ತೆ ಯಾವಾಗ ಬರ್ತೀರಿ?" ಎಂದು ಕೇಳಿದರು. ಈಗ ಅವನ ಮನೆಗೆ ತಿಂಗಳಿಗೆ ಎರಡು ಸಲ ಹೋಗುತ್ತೇವೆ. ಅವನು ಎದ್ದು ಹೊರಟರೆ ಒಬ್ಬರು ಜೊತೆಗೆ ಹೋಗುತ್ತೇವೆ, ತೋಟದ ಬೇಲಿಯವರೆಗೆ ನಡೆದು ತಿರುಗಿ ಬರುತ್ತಾನೆ. ಅಡಿಕೆ ಸುಲಿಯಲು ಕೊಟ್ಟರೆ ಕೈ ಮರೆತಿಲ್ಲ.

ಹೋದ ವರ್ಷ ನನಗೆ ಕಣ್ಣಿನ ಪೊರೆಯ ಆಪರೇಷನ್ ಆದಾಗ ಮೂರು ವಾರ ಪುಸ್ತಕವನ್ನು 31 ನೋಡಿಕೊಂಡಳು. ಅಲ್ಲಿಯವರೆಗೆ ಇದು ನನ್ನೊಬ್ಬನ ಕೈಯಲ್ಲಿ ಇತ್ತು, ಅದು ಸರಿಯಲ್ಲ ಎಂದು ಆಗ ತಿಳಿಯಿತು. ಈಗ ಪುಸ್ತಕ ಎರಡು, ಒಂದು ಅವಳ ಹತ್ತಿರ. ಸಿಕ್ಕಿದ್ದ 24ರಲ್ಲಿ ಉಳಿದವರು 19, ನನ್ನನ್ನೂ ಸೇರಿಸಿ.

ನಾಡಿದ್ದು ಶನಿವಾರ 17ರ ಮನೆಗೆ ಹೋಗುವವರು ನಾಲ್ಕು ಜನ. ಒಂಬತ್ತೂವರೆಗೆ ರಿಪ್ಪನ್‌ಪೇಟೆ. ರೊಟ್ಟಿ 31ರದ್ದು, ಚಟ್ನಿ ನಮ್ಮ ಮನೆಯದ್ದು. 11 ಎಲೆ ಅಡಿಕೆ ತರುತ್ತಾನೆ. 22 ಒಂದು ಕಂಬಳಿ ತರುತ್ತೇನೆ ಅಂದಿದ್ದಾನೆ, ಹೋದ ಸಲ ಜಗಲಿಯಲ್ಲಿ ಕೂತಾಗ 17 ಚಳಿಗೆ ನಡುಗುತ್ತಿದ್ದದ್ದನ್ನು ಅವನು ನೋಡಿದ್ದ.