ಗಾಡಿ ಓಡಿಸುವವನಿಗೆ ಯಾವ ಶುಗರ್ ಮಾತ್ರೆ?

ನಾನು ಬೆಂಗಳೂರು–ಹುಬ್ಬಳ್ಳಿ ಹೆದ್ದಾರಿಯಲ್ಲಿ ಬಾಡಿಗೆ ಕಾರು ಓಡಿಸುತ್ತೇನೆ. ಊಟ ಎಷ್ಟು ಹೊತ್ತಿಗೆ ಅನ್ನೋದು ಹಿಂದೆ ಕೂತವರು ತೀರ್ಮಾನಿಸುತ್ತಾರೆ. ಶುಗರ್ ಇದೆ ಅಂತ ಗೊತ್ತಾದಾಗ ಎಚ್‌ಬಿಎ1ಸಿ 8.4 ಇತ್ತು. 6.5 ಮುಟ್ಟಿದರೇ ಸಕ್ಕರೆ ಕಾಯಿಲೆ ಅಂತ ಲೆಕ್ಕ. ಇದು ರಕ್ತದ ಸಕ್ಕರೆಯ ಎರಡು ಮೂರು ತಿಂಗಳ ಸರಾಸರಿ. ಹಿಂದಿನ ದಿನ ಸುಮ್ನೆ ಉಪವಾಸ ಇದ್ದು ಹೋದರೆ ಏನೂ ಬದಲಾಗುವುದಿಲ್ಲ.

ಡಾಕ್ಟರ್ ಮುಂದೆ ನಾನು ಮೊದಲು ಹೇಳಿದ್ದು ನನ್ನ ಕೆಲಸದ ಬಗ್ಗೆ. ಅದರಿಂದಲೇ ಚಿಕಿತ್ಸೆಯ ದಾರಿ ಬದಲಾಯಿತು.

ಶುರುವಿಗೆ ಮೆಟ್‌ಫಾರ್ಮಿನ್ 500 ಮಿ.ಗ್ರಾಂ., ಊಟದ ಜೊತೆ. ಲಿವರ್ ರಕ್ತಕ್ಕೆ ಬಿಡುವ ಸಕ್ಕರೆಯನ್ನು ಇದು ತಗ್ಗಿಸುತ್ತದೆ. ಮೊದಮೊದಲು ಹೊಟ್ಟೆ ಗುಡುಗುಡು, ಭೇದಿ. ಶಿರಾ ದಾಟಿದ ಮೇಲೆ ಟಾಯ್ಲೆಟ್ ಹುಡುಕುವ ಪಾಡು ಯಾರಿಗೂ ಬೇಡ! ನಿಧಾನವಾಗಿ ಕರಗುವ ಎಸ್‌ಆರ್ ಮಾತ್ರೆ ಕೊಟ್ಟ ಮೇಲೆ ಸರಿಹೋಯಿತು. ವರ್ಷಗಟ್ಟಲೆ ನುಂಗಿದರೆ ವಿಟಮಿನ್ ಬಿ12 ಇಳಿಯಬಹುದು, ಅದಕ್ಕೆ ಆಗಾಗ ಅದನ್ನೂ ನೋಡಿಸುತ್ತೇನೆ.

ಇದೊಂದರಿಂದ ಸಾಲಲಿಲ್ಲ. ಎರಡನೆಯದು ಯಾವುದು ಅನ್ನೋದೇ ದೊಡ್ಡ ಮಾತು. ಗ್ಲಿಮೆಪಿರೈಡ್ ಅಗ್ಗ, ಕೆಲಸವೂ ಜೋರು. ಆದರೆ ನೀವು ಉಂಡಿರೋ ಇಲ್ಲವೋ, ಅದು ಸಕ್ಕರೆ ಇಳಿಸುವ ಇನ್ಸುಲಿನ್ ಹೊರಡಿಸಿಯೇ ಹೊರಡಿಸುತ್ತದೆ. ಊಟ ತಪ್ಪಿದರೆ ಆ ಹೊತ್ತಿನ ರಕ್ತದ ಸಕ್ಕರೆ 70 ಮಿ.ಗ್ರಾಂ./ಡಿ.ಎಲ್.ಗಿಂತ ಕೆಳಗೆ ಬೀಳಬಹುದು. ಕೈ ನಡುಕ, ಬೆವರು, ಕಣ್ಣು ಮಂಜು. ಸ್ಟೀರಿಂಗ್ ಹಿಡಿದವನಿಗೆ ಇದು ಆಗಬಾರದು ಅಲ್ವಾ? ಹೊತ್ತಿಗೆ ಸರಿಯಾಗಿ ಉಣ್ಣುವ ನಮ್ಮಣ್ಣನಿಗೆ ಅದೇ ಮಾತ್ರೆ ಚೆನ್ನಾಗಿ ಒಗ್ಗಿದೆ.

ಡಾಪಾಗ್ಲಿಫ್ಲೋಜಿನ್ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತದೆ. ತೂಕ ಸ್ವಲ್ಪ ಇಳಿಯುತ್ತದೆ, ಹೃದಯ, ಕಿಡ್ನಿಗೂ ಒಳ್ಳೆಯದು. ಆದರೆ ಮೂತ್ರ ಜಾಸ್ತಿ, ಗುಪ್ತಾಂಗದಲ್ಲಿ ಫಂಗಸ್ ತುರಿಕೆಯ ಕಾಟವೂ ಇರಬಹುದು. ನಾವು ಡ್ರೈವರ್‌ಗಳು ನೀರು ಕುಡಿಯದೆ, ಮೂತ್ರ ತಡೆದುಕೊಂಡು ಓಡುವವರು. ಸದ್ಯ ಬೇಡ ಎಂದು ಡಾಕ್ಟರೂ ನಾನೂ ಒಪ್ಪಿದೆವು. ಹೃದಯ, ಕಿಡ್ನಿ ತೊಂದರೆ ಇದ್ದಿದ್ದರೆ ನಾನು ಬೇಡ ಅನ್ನುತ್ತಿರಲಿಲ್ಲ.

ನನಗೆ ಹೊಂದಿದ್ದು ಸಿಟಾಗ್ಲಿಪ್ಟಿನ್. ರಕ್ತದಲ್ಲಿ ಸಕ್ಕರೆ ಏರಿದಾಗಷ್ಟೇ ಇದು ಇನ್ಸುಲಿನ್ ಹೆಚ್ಚಿಸುವುದರಿಂದ ಮೆಟ್‌ಫಾರ್ಮಿನ್ ಜೊತೆ ತಗೊಂಡರೂ ಲೋ ಶುಗರ್ ಅಪರೂಪ. 2022ರಲ್ಲಿ ಪೇಟೆಂಟ್ ಮುಗಿದ ಮೇಲೆ ಬೆಲೆಯೂ ಇಳಿಯಿತು. ನಾನು ಜನೌಷಧಿ ಅಂಗಡಿಯಲ್ಲಿ ಕೊಳ್ಳುತ್ತೇನೆ.

ಊಟದ ವಿಷಯದಲ್ಲಿ ಯಾರ ಪಟ್ಟಿಯನ್ನೂ ನಂಬಲಿಲ್ಲ, ಬೆರಳಿನ ರಕ್ತದಲ್ಲಿ ಸಕ್ಕರೆ ಅಳೆಯುವ ಗ್ಲೂಕೋಮೀಟರನ್ನೇ ಕೇಳಿದೆ. ಊಟಕ್ಕೆ ಮುಂಚೆ ಒಂದು ಸಲ, ತಿನ್ನಲು ಶುರುಮಾಡಿ ಎರಡು ಗಂಟೆಯಾದ ಮೇಲೆ ಇನ್ನೊಂದು ಸಲ. ದಾವಣಗೆರೆ ಬೆಣ್ಣೆ ದೋಸೆ ನನ್ನ ಸಕ್ಕರೆಯನ್ನು 230 ದಾಟಿಸುತ್ತದೆ. ಒಂದು ಜೋಳದ ರೊಟ್ಟಿ, ತಟ್ಟೆ ತುಂಬ ಕಾಳು ಪಲ್ಯ, ಮೊಸರು ಆದರೆ 160ರ ಆಚೀಚೆ. ರೊಟ್ಟಿ ಮೂರಾದರೆ ಆ ಲೆಕ್ಕವೂ ಕೆಡುತ್ತದೆ, ಜೋಳ ಅಂದಮಾತ್ರಕ್ಕೆ ವಿನಾಯಿತಿ ಇಲ್ಲ. ಬೆಲ್ಲದ ಚಹಾಕ್ಕೂ ಅಷ್ಟೇ. ಉಂಡ ಮೇಲೆ ಢಾಬಾದ ಸುತ್ತ ಕಾಲು ಗಂಟೆ ನಡೆದರೆ ಮೀಟರ್‌ನಲ್ಲಿ ಅದರ ಫಲ ಕಾಣುತ್ತದೆ.

ಈಗ ಎಚ್‌ಬಿಎ1ಸಿ 6.9. ಡ್ಯಾಶ್‌ಬೋರ್ಡ್‌ನಲ್ಲಿ ಗ್ಲೂಕೋಸ್ ಪುಡಿ ಇಟ್ಟಿದ್ದೇನೆ, ಬಳಸುವ ಸಂದರ್ಭ ಬಂದಿಲ್ಲ. ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆ. ಕಣ್ಣಿಗೆ ಹನಿ ಹಾಕಿದರೆ ಕೆಲವು ಗಂಟೆ ಎಲ್ಲ ಮಂಜಾಗಿ ಕಾಣುತ್ತದೆ, ಅವತ್ತು ಬಾಡಿಗೆ ಒಪ್ಪಿಕೊಳ್ಳುವುದಿಲ್ಲ.