ಕರಾವಳಿಯ ಇಳಿಜಾರು ಜಾಗಕ್ಕೆ ನಿವೇಶನ ಯೋಜನೆ: ಮೊದಲ ಭೇಟಿಯಿಂದ ಮೊದಲ ನಕ್ಷೆಯವರೆಗೆ

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಕೆಲಸ ಮಾಡುವ ಆರ್ಕಿಟೆಕ್ಟ್‌ಗೆ ಸಮತಟ್ಟಾದ ಜಾಗ ಸಿಗುವುದು ಅಪರೂಪ. ಹೆಚ್ಚಾಗಿ ಸಿಗುವುದು ಗುಡ್ಡದ ಓರೆ. ಕೆಳಗಡೆ ಒಂದು ತೋಡು (ಸಣ್ಣ ಹಳ್ಳ), ಮೇಲ್ಗಡೆ ಬೇರೆಯವರ ಗೇರುತೋಟ. ಕಟ್ಟಡದ ವಿನ್ಯಾಸವನ್ನು ಮೇಜಿನ ಮೇಲೆ ಮುಗಿಸಿ, ಆಮೇಲೆ ಅದನ್ನು ಇಂಥ ಓರೆಯಲ್ಲಿ ಕೂರಿಸಲು ಹೊರಟರೆ ಗುಡ್ಡವನ್ನು ಕಡಿಯದೆ ಬೇರೆ ದಾರಿ ಉಳಿಯುವುದಿಲ್ಲ. ಆದ್ದರಿಂದ ಕಟ್ಟಡವನ್ನು ಎಲ್ಲಿ ಕಟ್ಟಬಾರದು ಎಂಬುದನ್ನು ಮೊದಲು ತೀರ್ಮಾನಿಸಿ, ಉಳಿದ ಜಾಗದಲ್ಲಿ ಎಲ್ಲಿ ಕಟ್ಟಬಹುದು ಎಂಬುದನ್ನು ಆಮೇಲೆ ಹುಡುಕುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ. ಉದಾಹರಣೆಗೆ ಎರಡು ಎಕರೆ, ಅಂದರೆ ನಮ್ಮ ಕಡೆಯ ಲೆಕ್ಕದಲ್ಲಿ 200 ಸೆಂಟ್ಸ್ ವಿಸ್ತಾರದ, ಪಶ್ಚಿಮಕ್ಕೆ ಇಳಿಯುವ ಜಾಗದಲ್ಲಿ ಒಂದು ಸಣ್ಣ ಶಾಲೆಯನ್ನು ಕಟ್ಟಬೇಕಾಗಿದೆ ಎಂದು ಇಟ್ಟುಕೊಳ್ಳೋಣ.

ಜಾಗಕ್ಕೆ ಹೋಗುವ ಮುನ್ನ

ಪಹಣಿ, ಸರ್ವೆ ನಕ್ಷೆ ಮತ್ತು ಗ್ರಾಮ ನಕ್ಷೆ ಮೂರನ್ನೂ ತರಿಸಿಕೊಳ್ಳಬೇಕು. ಪಹಣಿಯಲ್ಲಿ ‘ಬಿ ಖರಾಬು’ ಎಂದು ನಮೂದಾಗಿರುವ ಭಾಗ ತೋಡು, ದಾರಿ ಮೊದಲಾದ ಸಾರ್ವಜನಿಕ ಬಳಕೆಗೆ ಸೇರಿದ್ದು. ಅದನ್ನು ವಿಸ್ತೀರ್ಣದ ಲೆಕ್ಕದಿಂದ ಮೊದಲೇ ಕಳೆಯಬೇಕು. ತಲೆಮಾರುಗಳಿಂದ ಅನುಭವಿಸುತ್ತ ಬಂದ ಕುಮ್ಕಿ ಜಾಗವನ್ನು ಮಾಲೀಕರು ತಮ್ಮದೆಂದೇ ತೋರಿಸಬಹುದು, ಆದರೆ ಅದು ಸರ್ಕಾರಿ ಜಮೀನು. ಪಕ್ಕದ ವರ್ಗ (ಪಟ್ಟಾ) ಜಮೀನಿನವರಿಗೆ ಅಲ್ಲಿರುವುದು ಸೊಪ್ಪು, ಸೌದೆಯಂಥ ಸವಲತ್ತುಗಳು ಮಾತ್ರ. ಸಮುದ್ರದಿಂದ 500 ಮೀಟರ್ ಒಳಗಿನ ಜಾಗವಾದರೆ, ಅಥವಾ ಉಬ್ಬರದ ನೀರು ಏರುವ ನದಿಯ ದಂಡೆಯಾದರೆ, ಕರಾವಳಿ ನಿಯಂತ್ರಣ ವಲಯದ ನಕ್ಷೆಯನ್ನು ನೋಡದೆ ಮುಂದಿನ ಹೆಜ್ಜೆ ಇಡಬಾರದು.

ಇದರ ಜೊತೆಗೆ ಅರ್ಧ ಮೀಟರ್ ಅಂತರದ ಕಾಂಟೂರ್ ರೇಖೆಗಳಿರುವ, ಅಂದರೆ ಒಂದೇ ಎತ್ತರದ ಬಿಂದುಗಳನ್ನು ಕೂಡಿಸುವ ಗೆರೆಗಳಿರುವ ಸರ್ವೆ ಬೇಕು. ಟೋಟಲ್ ಸ್ಟೇಷನ್ ಎಂಬ ಅಳತೆಯ ಉಪಕರಣ ತರುವ ಸರ್ವೆಯವರಿಗೆ ಗಡಿಯೊಳಗಿನ ಮಟ್ಟಗಳ ಜೊತೆಗೆ ಗಡಿಯ ಹೊರಗೆ ಮೇಲ್ಗಡೆ ಕನಿಷ್ಠ ಇಪ್ಪತ್ತು ಮೀಟರಿನವರೆಗಿನ ಮಟ್ಟಗಳನ್ನೂ, ತೋಡಿನ ತಳವನ್ನೂ, ಪ್ರತಿಯೊಂದು ದೊಡ್ಡ ಮರದ ಬುಡದ ಮಟ್ಟವನ್ನೂ ತೆಗೆದುಕೊಡುವಂತೆ ಮೊದಲೇ ಹೇಳಬೇಕು. ಹೇಳದಿದ್ದರೆ ನಾಲ್ಕು ಮೂಲೆ ಮತ್ತು ನಡುವೆ ಕೆಲವು ಬಿಂದುಗಳ ಮಟ್ಟವಷ್ಟೇ ಬರುತ್ತದೆ.

ನೀರು

ಮಂಗಳೂರಿನ ಆಸುಪಾಸಿನಲ್ಲಿ ವರ್ಷಕ್ಕೆ ಸುಮಾರು 3500 ಮಿ.ಮೀ.ಗೂ ಮೀರಿ ಮಳೆ ಬೀಳುತ್ತದೆ. ಬೆಂಗಳೂರಿನದು ಸಾವಿರಕ್ಕೂ ತುಸು ಕಡಿಮೆ. ಇಲ್ಲಿನ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿದುಹೋಗುತ್ತದೆ. ಹೀಗಿದ್ದರೂ ಜಾಗ ನೋಡುವ ಭೇಟಿಗಳೆಲ್ಲ ಸಾಮಾನ್ಯವಾಗಿ ನಡೆಯುವುದು ಜನವರಿಯಿಂದ ಮಾರ್ಚ್‌ವರೆಗೆ, ನೆಲ ಒಣಗಿ ಗಟ್ಟಿಯಾಗಿರುವಾಗ. ಕನಿಷ್ಠ ಒಂದು ಭೇಟಿಯಾದರೂ ಆಟಿ ತಿಂಗಳ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಜೋರು ಮಳೆಯಲ್ಲಿ ಆಗಲೇಬೇಕು. ಅಷ್ಟು ಕಾಲಾವಕಾಶ ಇಲ್ಲದಿದ್ದರೆ ನೆಲದ ಮೇಲಿನ ಗುರುತುಗಳನ್ನೇ ಓದಬೇಕಾಗುತ್ತದೆ: ಒಣ ಎಲೆಗಳು ಒಂದೇ ದಿಕ್ಕಿಗೆ ಬಾಗಿ ಸಾಲಾಗಿ ಕುಳಿತಿರುವ ಕಡೆ ನೀರು ಹರಿದಿದೆ, ಮೇಲ್ಮಣ್ಣು ತೊಳೆದುಹೋಗಿ ಸಣ್ಣ ಕೆಂಪು ಹರಳುಗಳು ಮಾತ್ರ ಉಳಿದಿರುವ ಕಡೆ ರಭಸವಾಗಿ ಹರಿದಿದೆ, ಬೇಸಗೆಯಲ್ಲೂ ಕೆಸುವು ಹಸುರಾಗಿರುವ ಕಡೆ ನೆಲದಡಿಯಲ್ಲಿ ಒರತೆಯಿದೆ.

ಪಕ್ಕದ ಮನೆಯ ತೆರೆದ ಬಾವಿಗೆ ಇಣುಕಿ ನೋಡುವುದರಿಂದ ಸಿಗುವ ಮಾಹಿತಿ ಬೇರೆಲ್ಲೂ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಬಾವಿಯ ಗೋಡೆಯಲ್ಲಿ ಪಾಚಿಯ ಗೆರೆ ಎಲ್ಲಿಯವರೆಗೆ ಏರಿದೆ ಎಂಬುದು ಮಳೆಗಾಲದ ಅಂತರ್ಜಲ ಮಟ್ಟವನ್ನು ತೋರಿಸುತ್ತದೆ. ಉಂಗುರ ಇಳಿಸದ ಬಾವಿಯಾದರೆ ಮೇಲಿನ ಮುರಕಲ್ಲು (ಜಂಬಿಟ್ಟಿಗೆ) ಎಷ್ಟು ದಪ್ಪವಿದೆ, ಅದರ ಕೆಳಗಿನ ಮಣ್ಣು ಎಂಥದ್ದು ಎಂಬುದೂ ಕಣ್ಣಿಗೆ ಕಾಣುತ್ತದೆ.

ಮುಂದೆ ಲೆಕ್ಕ. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂದು ಹೆಕ್ಟೇರ್ ಜಾಗದ ಮೇಲೆ ಗಂಟೆಗೆ 60 ಮಿ.ಮೀ.ನಂತೆ ಮಳೆ ಸುರಿಯುತ್ತಿದ್ದು, ಆ ಜಾಗವೆಲ್ಲ ಮರಗಿಡ, ಸೊಪ್ಪುಸದೆಗಳಿಂದ ಮುಚ್ಚಿ ನೀರಿನ ಶೇ. 30 ಭಾಗ ಮಾತ್ರ ಹೊರಕ್ಕೆ ಹರಿಯುತ್ತದೆ ಎಂದಿಟ್ಟುಕೊಂಡರೆ ಸೆಕೆಂಡಿಗೆ 50 ಲೀಟರ್ ಆಗುತ್ತದೆ. ಅದೇ ಜಾಗಕ್ಕೆ ಛಾವಣಿ, ಕಾಂಕ್ರೀಟ್, ಇಂಟರ್‌ಲಾಕ್ ಹಾಸಿ ಶೇ. 80 ಭಾಗ ಹರಿಯುವಂತೆ ಮಾಡಿದರೆ ಸೆಕೆಂಡಿಗೆ ಸುಮಾರು 133 ಲೀಟರ್. ಕೆಳಗಿನ ತೋಡು ಈ ಹೆಚ್ಚುವರಿ ನೀರನ್ನು ಹೊರಲಾರದೆ ಹೋದರೆ ಅದು ನುಗ್ಗುವುದು ಕೆಳಗಿನ ಮನೆಯವರ ಅಡಿಕೆ ತೋಟಕ್ಕೆ. ಈ ಲೆಕ್ಕಕ್ಕೆ ಮೇಲಿನ ಗುಡ್ಡದಿಂದ ನಮ್ಮ ಜಾಗಕ್ಕೆ ಇಳಿದು ಬರುವ ನೀರನ್ನೂ ಸೇರಿಸಬೇಕು. ಗಡಿಯ ಹೊರಗಿನ ಮಟ್ಟಗಳು ಬೇಕೆಂದು ಮೊದಲೇ ಹೇಳಿದ್ದು ಇದಕ್ಕಾಗಿಯೇ.

ಈಗ ಕಾಂಟೂರ್ ನಕ್ಷೆಯ ಮೇಲೆ ಎಲ್ಲಕ್ಕಿಂತ ಮೊದಲು ನೀಲಿ ಪೆನ್ಸಿಲಿನಲ್ಲಿ ನೀರಿನ ದಾರಿಗಳನ್ನು ಎಳೆಯಬೇಕು. ಮೇಲಿನ ಗಡಿಯುದ್ದಕ್ಕೂ ಬರುವ ನೀರನ್ನು ತಡೆದು ಪಕ್ಕಕ್ಕೆ ತಿರುಗಿಸುವ ಕಣಿ, ಅಲ್ಲಿಂದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು ರಭಸ ಕಳೆದುಕೊಳ್ಳುವ ಕಲ್ಲಿನ ಚರಂಡಿ, ಕೆಳಗೆ ತೋಡಿಗೆ ಸೇರುವ ಮುನ್ನ ನೀರು ತುಸು ಹೊತ್ತು ನಿಲ್ಲಲು ಒಂದು ಮದಕ, ಇಷ್ಟಕ್ಕೂ ಜಾಗ ಬಿಟ್ಟ ಮೇಲೆಯೇ ಉಳಿದದ್ದರ ವಿಚಾರ. ಇಂಗುಗುಂಡಿಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅವನ್ನು ಧರೆಯ, ಅಂದರೆ ಗುಡ್ಡ ಕಡಿದಾಗ ನಿಲ್ಲುವ ಕಡಿದಾದ ಮಗ್ಗುಲಿನ, ನೆತ್ತಿಯಲ್ಲಿ ಎಂದೂ ತೋಡಬಾರದು. ಹಾಗೆ ತೋಡಿದರೆ ಗುಡ್ಡಕ್ಕೆ ನಾವೇ ನೀರು ಕುಡಿಸಿದಂತಾಗುತ್ತದೆ.

ಮಣ್ಣು, ಮತ್ತು ನಾನು ಮಾಡಿದ ಒಂದು ತಪ್ಪು

ಇಲ್ಲಿನ ನೆಲದ ಮೇಲ್ಪದರ ಮುರಕಲ್ಲು. ಗಾಳಿಗೆ ಒಡ್ಡಿಕೊಂಡಷ್ಟೂ ಗಟ್ಟಿಯಾಗುವ ಈ ಕಲ್ಲನ್ನು ನೇರವಾಗಿ ಕಡಿದರೂ ಅದು ವರ್ಷಗಟ್ಟಲೆ ನಿಲ್ಲುತ್ತದೆ, ಹಾಗಾಗಿ ಎಲ್ಲರಿಗೂ ಅದರ ಮೇಲೆ ಭರವಸೆ. ಆದರೆ ಅನೇಕ ಕಡೆ ಅದರ ಅಡಿಯಲ್ಲಿ ಇರುವುದು ಬಿಳಿ, ಹಳದಿ ಅಥವಾ ನಸುಗೆಂಪು ಬಣ್ಣದ ಶೇಡಿ ಮಣ್ಣು. ಒಣಗಿದಾಗ ಉಗುರು ನಾಟದಷ್ಟು ಗಟ್ಟಿಯಾಗಿ ಕಾಣುವ ಈ ಮಣ್ಣು ನೀರು ಕುಡಿದರೆ ಕಸುವು ಕಳೆದುಕೊಳ್ಳುತ್ತದೆ. ಇದನ್ನು ಪರೀಕ್ಷಿಸಲು ಪ್ರಯೋಗಾಲಯದ ವರದಿಗಾಗಿ ಕಾಯಬೇಕಾಗಿಲ್ಲ. ನಿಂಬೆಹಣ್ಣಿನ ಗಾತ್ರದ ಒಣ ಹೆಂಟೆಯೊಂದನ್ನು ಗಾಜಿನ ಲೋಟದ ನೀರಿಗೆ ಮೆಲ್ಲನೆ ಇಳಿಸಿ ನೋಡಬೇಕು. ಮೊದಲು ಗುಳ್ಳೆಗಳೇಳುತ್ತವೆ, ಆಮೇಲೆ ಅಂಚು ಉದುರತೊಡಗುತ್ತದೆ, ಶೇಡಿಯಾಗಿದ್ದರೆ ಸ್ವಲ್ಪ ಹೊತ್ತಿನಲ್ಲೇ ಹೆಂಟೆ ತನ್ನ ಆಕಾರ ಕಳೆದುಕೊಂಡು ತಳದಲ್ಲಿ ರಾಶಿಯಾಗುತ್ತದೆ. ತಳಪಾಯದ ವಿನ್ಯಾಸಕ್ಕೆ ಬೋರ್ ಕೊರೆಸಿ ಮಣ್ಣು ಪರೀಕ್ಷೆ ಮಾಡಿಸಲೇಬೇಕು, ಆದರೆ ಕಟ್ಟಡವನ್ನು ಎಲ್ಲಿ ಇಡಬೇಕು ಎಂಬ ಮೊದಲ ತೀರ್ಮಾನಕ್ಕೆ ಈ ಲೋಟದ ಪರೀಕ್ಷೆಯೇ ಸಾಕಷ್ಟು ದಾರಿ ತೋರಿಸುತ್ತದೆ.

ವೃತ್ತಿಯ ಆರಂಭದ ದಿನಗಳಲ್ಲಿ ನಾನು ಇದನ್ನು ಮಾಡಿರಲಿಲ್ಲ. ಇಂಥದ್ದೇ ಒಂದು ಜಾಗದಲ್ಲಿ ಮಾಲೀಕರು ವಿಶಾಲವಾದ ಸಮತಟ್ಟು ಅಂಗಳ ಬೇಕೆಂದರು. ನಾನು ಐದು ಮೀಟರ್ ಎತ್ತರಕ್ಕೆ ಧರೆ ಕಡಿಯಲು ಒಪ್ಪಿದೆ. ಮೇಲಿನ ಎರಡು ಮೀಟರ್ ಮುರಕಲ್ಲು ಕಲ್ಲುಕೋರೆಯ ಗೋಡೆಯಂತೆ ಚೊಕ್ಕವಾಗಿ ನಿಂತಿತ್ತು. ಅದರ ಕೆಳಗಿನ ಮೂರು ಮೀಟರ್ ಶೇಡಿ ಮೊದಲ ಮಳೆಗಾಲದಲ್ಲಿ ತೇವಗೊಂಡಿತು, ಎರಡನೆಯ ಮಳೆಗಾಲದ ಒಂದು ರಾತ್ರಿ ಮೇಲಿನ ಕಲ್ಲನ್ನೂ ಹೊತ್ತುಕೊಂಡು ಅಡುಗೆಕೋಣೆಯ ಹಿಂಗೋಡೆಗೆ ಬಂದು ಬಿತ್ತು. ಆ ಹೊತ್ತಿನಲ್ಲಿ ಅಡುಗೆಕೋಣೆಯಲ್ಲಿ ಯಾರೂ ಇರಲಿಲ್ಲ. ಮರುದಿನ ಅಲ್ಲಿ ನಿಂತು ನೋಡಿದಾಗ, ಕುಸಿದ ಕಲ್ಲುಗಳ ಸಂದಿನಿಂದ ಹೆಬ್ಬೆರಳು ದಪ್ಪದ ನೀರಿನ ಎಳೆಯೊಂದು ಇನ್ನೂ ಹರಿಯುತ್ತಲೇ ಇತ್ತು. ಅಲ್ಲಿದ್ದ ಒರತೆಯನ್ನು ನಕ್ಷೆ ಬರೆಯುವ ಮುನ್ನ ನಾನು ಹುಡುಕಬೇಕಾಗಿತ್ತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಕುಸಿದ ಸುದ್ದಿ ಬಂದಾಗಲೂ ನನಗೆ ನೆನಪಾದದ್ದು ಆ ನೀರಿನ ಎಳೆ.

ಕಡಿಯುವುದನ್ನು ಕಡಿಮೆ ಮಾಡುವ ಬಗೆ ಸರಳ ಲೆಕ್ಕದಿಂದಲೇ ಗೊತ್ತಾಗುತ್ತದೆ. ನಮ್ಮ ಶಾಲೆಯ ಜಾಗ ಹತ್ತು ಮೀಟರಿಗೆ ಒಂದು ಮೀಟರಿನಂತೆ ಇಳಿಯುತ್ತದೆ. ಇಳಿಜಾರಿನ ದಿಕ್ಕಿಗೆ 24 ಮೀಟರ್ ಅಗಲದ ಒಂದೇ ತಟ್ಟು ಮಾಡಿ, ಮೇಲಿನ ಅರ್ಧ ಕಡಿದು ಕೆಳಗಿನ ಅರ್ಧಕ್ಕೆ ತುಂಬಿದರೆ, ಧರೆಯ ಎತ್ತರ 1.2 ಮೀಟರ್, ಕಡಿಯುವ ಮಣ್ಣು ಪ್ರತಿ ಮೀಟರ್ ಉದ್ದಕ್ಕೆ 7.2 ಘನ ಮೀಟರ್. ಅದನ್ನೇ 12 ಮೀಟರಿನ ಎರಡು ತಟ್ಟುಗಳಾಗಿ ಒಡೆದರೆ ಧರೆ 0.6 ಮೀಟರಿಗೂ, ಮಣ್ಣು ಒಟ್ಟು 3.6 ಘನ ಮೀಟರಿಗೂ ಇಳಿಯುತ್ತದೆ. ಮೂರು ತಟ್ಟುಗಳಾದರೆ ಮೂರನೆಯ ಒಂದು ಪಾಲು. ಗದ್ದೆ ಮಾಡಿದವರು ಈ ಲೆಕ್ಕವನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. ತಗ್ಗಿನ ಬೈಲು, ನಡುವಿನ ಮಜಲು, ಮೇಲಿನ ಬೆಟ್ಟು ಎಂದು ನೆಲವನ್ನು ಅದರ ಮಟ್ಟ ಮತ್ತು ನೀರಿಗೆ ತಕ್ಕಂತೆ ವಿಂಗಡಿಸಿದ್ದ ಅವರ ಹೆಸರುಗಳನ್ನೇ ನಾನು ಇಂದಿಗೂ ನನ್ನ ನಕ್ಷೆಗಳಲ್ಲಿ ಬರೆಯುತ್ತೇನೆ. ತುಂಬಿದ ಮಣ್ಣಿನ ಮೇಲೆ ಮಾತ್ರ ಪಂಚಾಂಗ, ಅಂದರೆ ಗೋಡೆಗಳನ್ನು ಹೊರುವ ಪೀಠ, ಕೂರಿಸಬಾರದು. ತಳಪಾಯ ಹಳೆಯ ಗಟ್ಟಿ ನೆಲಕ್ಕೇ ಇಳಿಯಬೇಕು. ತಡೆಗೋಡೆ ಕಟ್ಟುವಲ್ಲಿ ಹಿಂಬದಿಗೆ ಜಲ್ಲಿ ತುಂಬಿ, ನೀರು ಹೊರಬರಲು ಕೊಳವೆಗಳನ್ನು ಬಿಡಬೇಕು.

ಬಿಸಿಲು, ಗಾಳಿ ಮತ್ತು ಎರಚಲು

ಮಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ನಡುವಿನಾಚೆ ಸೂರ್ಯ ನಡುಮಧ್ಯಾಹ್ನ ನೆತ್ತಿಯ ಮೇಲಿರುತ್ತಾನೆ. ಆ ಎರಡರ ನಡುವಿನ ದಿನಗಳಲ್ಲಿ ಉತ್ತರಕ್ಕೆ ವಾಲುತ್ತಾನೆ. ಡಿಸೆಂಬರ್ 21ರ ಸುಮಾರಿಗೆ ದಕ್ಷಿಣದಲ್ಲಿ ಸುಮಾರು 53 ಡಿಗ್ರಿ ಎತ್ತರಕ್ಕಿಳಿಯುತ್ತಾನೆ. ಹಾಗಾಗಿ ದಕ್ಷಿಣ ಮತ್ತು ಉತ್ತರದ ಗೋಡೆಗಳನ್ನು ಸಾಧಾರಣ ಅಗಲದ ಸೂರು ಕಾಪಾಡಬಲ್ಲದು. ಕಷ್ಟ ಇರುವುದು ಪಶ್ಚಿಮದಲ್ಲಿ. ಬೇಸಗೆಯ ಮಧ್ಯಾಹ್ನದ ಓರೆ ಬಿಸಿಲು, ಮಳೆಗಾಲದ ಎರಚಲು, ಬೆವರಿನ ದಿನಗಳಲ್ಲಿ ಎಲ್ಲರೂ ಕಾಯುವ ಕಡಲ ಗಾಳಿ, ಮೂರೂ ಬರುವುದು ಹೆಚ್ಚಾಗಿ ಅದೇ ಕಡೆಯಿಂದ. ಮೊದಲ ಎರಡನ್ನು ತಡೆಯಲು ಗೋಡೆಯನ್ನು ಪೂರ್ತಿ ಮುಚ್ಚಿದರೆ ಮೂರನೆಯದೂ ನಿಂತುಹೋಗುತ್ತದೆ. ಪಶ್ಚಿಮಕ್ಕೆ ಆಳವಾದ ಜಗಲಿ ಇಟ್ಟು, ಅದರ ಸೂರನ್ನು ಆಳೆತ್ತರದವರೆಗೆ ತಗ್ಗಿಸಿ, ತರಗತಿಯ ಕಿಟಕಿಗಳನ್ನು ಜಗಲಿಯ ಒಳಗೋಡೆಯಲ್ಲಿ ತೆರೆಯುವುದು ನಾನು ಕಂಡ ಒಳ್ಳೆಯ ಪರಿಹಾರ. ಕಟ್ಟಡದ ಉದ್ದವನ್ನು ಪೂರ್ವ ಪಶ್ಚಿಮವಾಗಿ ಇಡಬೇಕೆಂಬ ಪುಸ್ತಕದ ಸೂತ್ರ ಪಶ್ಚಿಮಕ್ಕೆ ಇಳಿಯುವ ಜಾಗದಲ್ಲಿ ಕಾಂಟೂರ್‌ಗೆ ಅಡ್ಡ ಬರುತ್ತದೆ. ಅಂಥ ಸಂದರ್ಭದಲ್ಲಿ ನಾನು ಕಾಂಟೂರ್ ಪರವಾಗಿ ತೀರ್ಮಾನಿಸುತ್ತೇನೆ. ಬಿಸಿಲಿಗೆ ಜಗಲಿಯಿಂದಲೂ ಮರದಿಂದಲೂ ಪರಿಹಾರವಿದೆ, ಕಡಿದ ಗುಡ್ಡವನ್ನು ಮತ್ತೆ ಮೊದಲಿನಂತೆ ಮಾಡಲಾಗದು.

ಮರಗಳು, ಬನ, ದಾರಿ

ಪ್ರತಿಯೊಂದು ದೊಡ್ಡ ಮರದ ಬುಡದ ಜೊತೆಗೆ ಅದರ ಕೊಂಬೆಗಳ ಹರವನ್ನೂ ನಕ್ಷೆಯಲ್ಲಿ ವೃತ್ತವಾಗಿ ಬರೆದು, ಆ ವೃತ್ತದೊಳಗೆ ಕಡಿಯುವುದನ್ನೂ ಮಣ್ಣು ತುಂಬುವುದನ್ನೂ ನಿಷೇಧಿಸಬೇಕು. ಮರ ಕಡಿಯುವುದು ಅನಿವಾರ್ಯವಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಅನುಮತಿಯನ್ನು ಕೆಲಸಕ್ಕೆ ಮೊದಲೇ ಪಡೆಯಬೇಕು. ಜಾಗದಲ್ಲಿ ನಾಗಬನವೋ ದೈವದ ಕಟ್ಟೆಯೋ ಇದ್ದರೆ ಅದಕ್ಕೆ ನಡೆದುಕೊಳ್ಳುವ ಕುಟುಂಬದವರನ್ನು ಕರೆಸಿ, ಅವರು ಯಾವ ದಾರಿಯಲ್ಲಿ ಬರುತ್ತಾರೆ, ವಾರ್ಷಿಕ ಸೇವೆಗೆ ಎಷ್ಟು ಜನ ಸೇರುತ್ತಾರೆ ಎಂದು ಕೇಳಿ ಆ ದಾರಿಯನ್ನೂ ಅಂಗಳವನ್ನೂ ಹಾಗೆಯೇ ಬಿಡಬೇಕು. ಮರ ಮತ್ತು ಇಳಿಜಾರಿಗೆ ಕಟ್ಟಡವೇ ಬಾಗಿಕೊಟ್ಟರೆ ಹೇಗಿರುತ್ತದೆ ಎಂಬುದನ್ನು ನೋಡಬಯಸುವವರು ತಿರುವನಂತಪುರದ ಉಳ್ಳೂರಿನಲ್ಲಿ ಆರ್ಕಿಟೆಕ್ಟ್ ಲಾರಿ ಬೇಕರ್ 1970ರ ದಶಕದಲ್ಲಿ ಕಟ್ಟಿದ ಅಭಿವೃದ್ಧಿ ಅಧ್ಯಯನ ಕೇಂದ್ರಕ್ಕೆ ಒಮ್ಮೆ ಹೋಗಿಬರಬೇಕು. ಅಲ್ಲಿನ ಗುಡ್ಡ, ಮಳೆ ನಮ್ಮವುಗಳಿಗೆ ಹತ್ತಿರದವು.

ದಾರಿಗಳ ವಿಚಾರದಲ್ಲಿ ಗಾಲಿಕುರ್ಚಿಯ ಮಗುವಿನಿಂದ ಆರಂಭಿಸುವುದು ಒಳ್ಳೆಯದು. ಇಳಿಜಾರು ಹಾದಿ 12 ಮೀಟರಿಗೆ ಒಂದು ಮೀಟರಿಗಿಂತ ಕಡಿದಾಗಿರಬಾರದು, ಅಂದರೆ 1.2 ಮೀಟರ್ ಎತ್ತರದ ವ್ಯತ್ಯಾಸಕ್ಕೆ 14.4 ಮೀಟರ್ ಹಾದಿ, ನಡುವಿನ ನಿಲುಗಡೆಗಳು ಬೇರೆ. ಹೀಗಾಗಿ ತರಗತಿ, ಗ್ರಂಥಾಲಯ, ಶೌಚಾಲಯ ಮೂರನ್ನೂ ಒಂದೇ ಕಾಂಟೂರ್ ಮೇಲೆ ಸಾಲಾಗಿ ಇಟ್ಟರೆ ಮಕ್ಕಳು ದಿನವಿಡೀ ಮೆಟ್ಟಿಲಿಲ್ಲದೆ ಓಡಾಡಬಹುದು. ಆಟದ ಬಯಲು, ಸಭಾಂಗಣದಂಥವು ಬೇರೆ ಮಟ್ಟಕ್ಕೆ ಹೋಗಲಿ. ಬಸ್ಸು ಮತ್ತು ಅಗ್ನಿಶಾಮಕ ವಾಹನ ಮೇಲಿನ ರಸ್ತೆಯ ಬದಿಗೇ ಬಂದು ತಿರುಗಿ ಹೋಗುವಂತಿರಬೇಕು. ಅಗ್ನಿಶಾಮಕ ವಾಹನಕ್ಕೆ 6 ಮೀಟರ್ ಅಗಲದ ದ್ವಾರ, 9 ಮೀಟರ್ ತ್ರಿಜ್ಯದ ತಿರುವು ಸಿಕ್ಕರೆ ಬಸ್ಸಿನ ಬಹುತೇಕ ಅಗತ್ಯವೂ ಮುಗಿದಂತೆ. ಶೌಚದ ಇಂಗುಗುಂಡಿ ಬಾವಿಗಿಂತ ಕೆಳಗಿನ ಮಟ್ಟದಲ್ಲಿ, ಕನಿಷ್ಠ 18 ಮೀಟರ್ ದೂರದಲ್ಲಿರಬೇಕು. ಮುರಕಲ್ಲಿನ ತೂತುಗಳಲ್ಲಿ ನೀರು ಬೇಗ ಸಾಗುವುದರಿಂದ ದೂರ ಹೆಚ್ಚಿದಷ್ಟೂ ಒಳ್ಳೆಯದು.

ನಕ್ಷೆಯನ್ನು ನೆಲಕ್ಕಿಳಿಸುವುದು

ಇಷ್ಟಾದ ಮೇಲೆ ಕಾಂಟೂರ್ ನಕ್ಷೆಯಲ್ಲಿ ಏನೂ ಬರೆಯದೆ ಉಳಿದ ಬಿಳಿಯ ಭಾಗವೇ ಕಟ್ಟಡದ ಜಾಗ. ಅಲ್ಲಿ ಕಟ್ಟಡದ ಸ್ಥೂಲ ಆಕಾರವನ್ನು ಕೂರಿಸಿ, ಮೇಲಿನ ಗಡಿಯಿಂದ ತೋಡಿನವರೆಗೆ ಕನಿಷ್ಠ ಮೂರು ಸೆಕ್ಷನ್‌ಗಳನ್ನು, ಅಂದರೆ ನೆಲವನ್ನೂ ಕಟ್ಟಡವನ್ನೂ ಸೀಳಿ ಪಕ್ಕದಿಂದ ನೋಡಿದಂತೆ ತೋರಿಸುವ ಚಿತ್ರಗಳನ್ನು, ಬರೆಯಬೇಕು. ನಂತರ ಅದೇ ಆಕಾರವನ್ನು ಗೂಟ, ಹಗ್ಗ ಮತ್ತು ಸುಣ್ಣದ ಪುಡಿಯಿಂದ ನೆಲದ ಮೇಲೆ ಗುರುತಿಸಿ, ಮೇಸ್ತ್ರಿಯವರೊಂದಿಗೂ ಮಾಲೀಕರೊಂದಿಗೂ ಅದರೊಳಗೆ ನಡೆಯಬೇಕು; ಪಂಚಾಂಗದ ಮಟ್ಟವನ್ನು ಟ್ಯೂಬ್ ಲೆವೆಲ್‌ನಿಂದ (ನೀರು ತುಂಬಿದ ಪಾರದರ್ಶಕ ಕೊಳವೆಯಿಂದ) ನಾಲ್ಕೂ ಮೂಲೆಯ ಗೂಟಗಳಿಗೆ ಒಯ್ದು ಕೆಂಪು ಬಟ್ಟೆ ಕಟ್ಟಿದರೆ, ಒಂದು ಮೂಲೆಯಲ್ಲಿ ಬಟ್ಟೆ ಮೊಣಕಾಲಿನಷ್ಟಕ್ಕೂ ಇನ್ನೊಂದು ಮೂಲೆಯಲ್ಲಿ ಎದೆಮಟ್ಟಕ್ಕೂ ಇರುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಎಷ್ಟೋ ಸಲ ಕಟ್ಟಡವನ್ನು ಎರಡಾಗಿ ಒಡೆಯಲು ಮಾಲೀಕರು ಒಪ್ಪುವುದು ಅಲ್ಲಿ ನಿಂತಾಗಲೇ.

ಮಣ್ಣಿನ ಕೆಲಸವೆಲ್ಲ ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಯ ವಾರದೊಳಗೆ ಮುಗಿಯುವಂತೆ ವೇಳಾಪಟ್ಟಿ ಹಾಕಬೇಕು. ಮೊದಲು ಮೇಲಿನ ಗಡಿಯ ಕಣಿ ಮತ್ತು ಚರಂಡಿ, ಆಮೇಲೆ ತಟ್ಟುಗಳು. ಕೆರೆದು ತೆಗೆದ ಮೇಲ್ಮಣ್ಣನ್ನು ಒಂದು ಕಡೆ ರಾಶಿ ಹಾಕಿ ತೆಂಗಿನ ಮಡಲು ಮುಚ್ಚಿಟ್ಟರೆ ಗಿಡ ನೆಡುವಾಗ ಹೊರಗಿನಿಂದ ಮಣ್ಣು ತರಬೇಕಾಗಿಲ್ಲ. ತೆರೆದ ಧರೆಗಳಿಗೆ ಟಾರ್ಪಾಲು ಹೊದಿಸಿ, ಮೊದಲ ನಾಲ್ಕು ಮಳೆ ಬಿದ್ದೊಡನೆ ಅಡ್ಡಸಾಲಿನಲ್ಲಿ ಲಾವಂಚ ನೆಡಬೇಕು. ಆ ಮಳೆಗಾಲ ಪೂರ್ತಿ ಗೋಡೆ ಏಳದಿದ್ದರೂ ಚಿಂತೆಯಿಲ್ಲ. ಕಣಿಯಲ್ಲಿ ನೀರು ಹೇಗೆ ಹರಿಯುತ್ತದೆ ಎಂದು ನೋಡಿ, ಎಲ್ಲಿ ಉಕ್ಕಿತೋ ಅಲ್ಲಿ ಅಗಲಿಸಿ, ಅಕ್ಟೋಬರಿನಲ್ಲಿ ತಳಪಾಯ ತೋಡಲು ಶುರು ಮಾಡಬಹುದು.